ದುಡಿಯುವ ವಿದ್ಯಾರ್ಥಿಯ ಹೊತ್ತಿನ ರೋಜಮೇಳ

(ಸಂಘದ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ವಾಚನಾಲಯದಲ್ಲಿ ನಿಂತು ಭಾಷಣ ಮಾಡುವುದು ಒಂದು ಲೆಕ್ಕಕ್ಕೆ ತಪ್ಪೇ. ‘ಮಾತನಾಡಬಾರದು’ ಎಂದು ಗೋಡೆಗೆ ಬರೆದು ಅಂಟಿಸಿದವರು ನಾವೇ. ಆದರೂ ಕಳೆದ ಎರಡು ವರ್ಷಗಳಿಂದ ಭಾನುವಾರ ಮಧ್ಯಾಹ್ನ ಈ ಉದ್ದ ಮೇಜಿನ ಸುತ್ತ ನಡೆದಿರುವ ಒಂದು ಸಣ್ಣ ಕೆಲಸದ ವಿಷಯ ತಮ್ಮ ಮುಂದಿಡಬೇಕೆಂದು ಕಾರ್ಯದರ್ಶಿಗಳ ಅಪ್ಪಣೆಯಾಗಿದೆ. ಅದರಲ್ಲಿ ನಾವು ಕಲಿಸಿದ್ದಕ್ಕಿಂತ ಕಲಿತದ್ದೇ ಹೆಚ್ಚೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇವೆ.

ನಮ್ಮವರಲ್ಲಿ ಓದನ್ನು ನಡುವೆ ಬಿಟ್ಟು ಊರು ಬಿಟ್ಟು ಬಂದವರು ಬಹಳ. ಹೋಟೆಲು, ಕಾರಖಾನೆ, ಬ್ಯಾಂಕು, ಬಟ್ಟೆಯಂಗಡಿಯ ಲೆಕ್ಕಪತ್ರ ಎಂದು ಹತ್ತು ವರ್ಷ ಕಳೆದ ಮೇಲೆ ಪುನಃ ಓದಬೇಕೆಂಬ ಆಸೆ ಹುಟ್ಟುತ್ತದೆ. ಆಸೆಗೆ ದಾರಿಯೂ ಉಂಟು. ದೆಹಲಿ ವಿಶ್ವವಿದ್ಯಾನಿಲಯ ೧೯೬೨ರಲ್ಲಿ ಅಂಚೆಯ ಮೂಲಕ ಪಾಠ ಕಳಿಸುವುದನ್ನು ಆರಂಭಿಸಿತು. ಮೈಸೂರು ವಿಶ್ವವಿದ್ಯಾನಿಲಯ ೧೯೬೯ರಲ್ಲಿ ಅದನ್ನು ಕೈಗೊಂಡಿತು. ೧೯೮೫ರಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ, ೧೯೯೪ರಲ್ಲಿ ನಮ್ಮ ಅಹಮದಾಬಾದಿನಲ್ಲೇ ಡಾಕ್ಟರ್ ಬಾಬಾಸಾಹೇಬ ಅಂಬೇಡ್ಕರ್ ಮುಕ್ತ ವಿಶ್ವವಿದ್ಯಾನಿಲಯ, ೧೯೯೬ರಲ್ಲಿ ಮೈಸೂರಿನಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಬಂದವು. ಬ್ಯಾಂಕಿನವರಿಗೆ ಅವರದೇ ಜೆ.ಎ.ಐ.ಐ.ಬಿ. ಪರೀಕ್ಷೆ, ಗೆದ್ದರೆ ಸಂಬಳದಲ್ಲಿ ಬಡ್ತಿಯುಂಟು. ೨೦೧೯ರಲ್ಲಿ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿದ ಮೇಲೆ ಆ ಪರೀಕ್ಷೆಯ ಪುಸ್ತಕ ಕೇಳಿಕೊಂಡು ನಮ್ಮಲ್ಲಿಗೆ ಬಂದವರೂ ಇದ್ದಾರೆ.

ಇಂಥವರಿಗೆ ನೆರವಾಗೋಣವೆಂದು ನಾವು ಇಂಗ್ಲಿಷು, ಅರ್ಥಶಾಸ್ತ್ರ, ಲೆಕ್ಕಶಾಸ್ತ್ರ ಹೇಳಿಕೊಡಲು ಕುಳಿತೆವು. ಮೊದಲ ವರ್ಷ ಏನಾಯಿತೆಂದರೆ, ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪರೀಕ್ಷೆ ಬರೆಯಲೇ ಇಲ್ಲ. ನಪಾಸಾದರೆಂದಲ್ಲ, ಪರೀಕ್ಷೆಯ ಕೋಣೆಗೇ ಹೋಗಲಿಲ್ಲ. ಪಾಠ ಅರ್ಥವಾಗಲಿಲ್ಲವೆಂದು ಒಬ್ಬರೂ ಹೇಳಲಿಲ್ಲ. ಒಬ್ಬರು ಅಸೈನ್‌ಮೆಂಟುಗಳನ್ನೆಲ್ಲ ಚೆನ್ನಾಗಿ ಬರೆದಿದ್ದರು, ಆದರೆ ದೀಪಾವಳಿಗೆ ಹುಬ್ಬಳ್ಳಿಗೆ ಒಯ್ದವರು ಅಲ್ಲೇ ಟ್ರಂಕಿನ ಮೇಲೆ ಮರೆತು ಬಂದರು. ಮತ್ತೊಬ್ಬರಿಗೆ ಪ್ರವೇಶದ ಶುಲ್ಕ ಕಟ್ಟಿದ ಮೇಲೂ ಪರೀಕ್ಷೆಗೆ ಬೇರೆ ಅರ್ಜಿ ಹಾಕಬೇಕೆಂಬುದೇ ತಿಳಿದಿರಲಿಲ್ಲ. ಉಳಿದವರದು ಒಂದೇ ಮಾತು: “ಹೊತ್ತೇ ಸಿಗಲಿಲ್ಲ ಸಾರ್.” ಹೊಟ್ಟೆ ಕಟ್ಟಿ ತುಂಬಿದ ಹಣ ಹೋಯಿತು; ಹಣಕ್ಕಿಂತ ಕೆಟ್ಟದ್ದೆಂದರೆ, ‘ನನ್ನ ತಲೆಗೆ ಓದು ಹತ್ತುವುದಿಲ್ಲ’ ಎಂಬ ಸುಳ್ಳು ನಂಬಿಕೆ ಮನಸ್ಸಿನಲ್ಲಿ ಕೂತಿತು.

ಆಗ ನಾವು ಪಾಠ ನಿಲ್ಲಿಸಿ ಲೆಕ್ಕ ಹಾಕಿದೆವು. ಇಂದಿರಾ ಗಾಂಧಿ ವಿಶ್ವವಿದ್ಯಾನಿಲಯದ ಕ್ರಮದಲ್ಲಿ ಒಂದು ಕ್ರೆಡಿಟ್ ಎಂದರೆ ೩೦ ಗಂಟೆಯ ವ್ಯಾಸಂಗ. ಆರು ಕ್ರೆಡಿಟ್ಟಿನ ಒಂದು ವಿಷಯಕ್ಕೆ ೧೮೦ ಗಂಟೆ. ೨೦೧೯ರಲ್ಲಿ ಬಂದ ಬಿ.ಎ. ಪಠ್ಯಕ್ರಮ ೧೩೨ ಕ್ರೆಡಿಟ್ಟಿನದು, ಅಂದರೆ ೩,೯೬೦ ಗಂಟೆ. ಮೂರು ವರ್ಷದಲ್ಲಿ ಮುಗಿಸಬೇಕಾದರೆ ವಾರಕ್ಕೆ ೨೫ ಗಂಟೆಗಿಂತ ತುಸು ಹೆಚ್ಚು. ಈ ಅಂಕೆಗಳನ್ನು ವಿಶ್ವವಿದ್ಯಾನಿಲಯದವರು ಮುಚ್ಚಿಟ್ಟಿಲ್ಲ. ಆದರೆ ಆ ೨೫ ಗಂಟೆ ದಿನದ ಯಾವ ಮೂಲೆಯಲ್ಲಿ ಸಿಗಬೇಕೆಂಬುದನ್ನು ಯಾವ ಪುಸ್ತಕವೂ ಹೇಳುವುದಿಲ್ಲ. ಕಾಲೇಜಿಗೆ ಹೋಗುವ ಹುಡುಗನಿಗೆ ಗಂಟೆ ಬಾರಿಸುವವನೊಬ್ಬನಿದ್ದಾನೆ. ನಮ್ಮವರಿಗೆ ಯಾರಿದ್ದಾರೆ?

ವಡೋದರಾದಲ್ಲಿ ಮನೆ, ಅಹಮದಾಬಾದಿನಲ್ಲಿ ಕಚೇರಿ ಇರುವ ಮಹಾಶಯರೊಬ್ಬರ ವಾರವನ್ನೇ ತೆಗೆದುಕೊಳ್ಳಿ. ಇಲ್ಲಿಯ ಭಾಷೆಯಲ್ಲಿ ‘ಅಪ್-ಡೌನ್’ ಮಾಡುವವರು. ಹೋಗಲು ಸುಮಾರು ೧೦೦ ಕಿಲೋಮೀಟರು, ಬರಲು ಅಷ್ಟೇ. ವಾರಕ್ಕೆ ಒಟ್ಟು ೧೬೮ ಗಂಟೆ. ನಿದ್ದೆಗೆ ೪೯, ಊಟದ ಬಿಡುವೂ ಸೇರಿ ಕಚೇರಿಗೆ ೫೧, ಮನೆಯ ಬಾಗಿಲಿನಿಂದ ಕಚೇರಿಯ ಬಾಗಿಲಿಗೆ ಹೋಗಿ ಬರಲು ೩೦, ಸ್ನಾನ ಊಟಾದಿಗಳಿಗೆ ೧೭. ಉಳಿದದ್ದು ೨೧ ಗಂಟೆ. ಮಕ್ಕಳು, ಮಾರುಕಟ್ಟೆ, ನೆಂಟರು, ಜ್ವರ, ಮದುವೆ ಮುಂಜಿ ಎಲ್ಲವೂ ಅದರಲ್ಲೇ ಆಗಬೇಕು. ಕೈಯಲ್ಲಿ ೨೧ ಗಂಟೆ ಇಟ್ಟುಕೊಂಡು ೨೫ ಗಂಟೆಯ ಓದಿಗೆ ಅವರು ಹಣ ಕಟ್ಟಿದ್ದರು! ಕಾಗದದ ಮೇಲೆ ಅದನ್ನು ಕಂಡು ಅವರು ಅಳುವುದರ ಬದಲು ನಕ್ಕರು. ತಾನು ಸೋಮಾರಿಯಲ್ಲ ಎಂದು ಅವರಿಗೆ ಅಂದೇ ಗೊತ್ತಾಯಿತೆಂದು ಕಾಣುತ್ತದೆ.

ಅಂದಿನಿಂದ ನಮ್ಮ ಮೊದಲ ಪಾಠ ರೋಜಮೇಳವೇ. ಗುಜರಾತಿನ ಪೇಢಿಗಳಲ್ಲಿ ಗುಮಾಸ್ತಿಕೆ ಮಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಂದಂದಿನ ಜಮಾ, ಅಂದಂದಿನ ಖರ್ಚು, ಸಂಜೆಗೆ ಶಿಲ್ಕು. ಅದೇ ರೀತಿ ಎರಡು ವಾರ ಅರ್ಧ ಅರ್ಧ ಗಂಟೆಯ ಲೆಕ್ಕದಲ್ಲಿ ಹೊತ್ತು ಎಲ್ಲಿ ಹೋಯಿತೆಂದು ಬರೆಯಬೇಕು. ಏನನ್ನೂ ಬದಲಾಯಿಸಬಾರದು, ಬರೆಯಬೇಕು ಅಷ್ಟೆ. ಶಿಲ್ಕು ಮರುದಿನಕ್ಕೆ ಸಾಗುವುದಿಲ್ಲವೆಂಬುದೊಂದೇ ವ್ಯತ್ಯಾಸ.

ಇಲ್ಲಿ ನಮ್ಮದೊಂದು ತಪ್ಪು. ಮೊದಮೊದಲು ಬಂದ ರೋಜಮೇಳಗಳನ್ನು ಓದಿ ನಾವು ಉಪದೇಶಕ್ಕೆ ಇಳಿದೆವು. “ಇದೇನ್ರೀ, ರಾತ್ರಿ ಎರಡು ಗಂಟೆ ಮೊಬೈಲು ನೋಡಿದ್ದೀರಲ್ಲ!” ಎಂದು ನಾಲ್ಕು ಜನರ ಎದುರಿಗೆ ಅಂದೆವು. ಮುಂದಿನ ವಾರ ಎಲ್ಲರ ಲೆಕ್ಕವೂ ಬಹಳ ಚೊಕ್ಕಟವಾಗಿ ಬಂತು. ತೆರಿಗೆಯವರಿಗೊಂದು, ತನಗೊಂದು ಪುಸ್ತಕ ಇಡುವ ಅಂಗಡಿಗಳುಂಟಷ್ಟೆ, ಹಾಗೆ! ಈಗ ನಾವು ಯಾರ ಲೆಕ್ಕವನ್ನೂ ಓದುವುದಿಲ್ಲ. ಬರೆದವರೇ ಓದಿ ತಮಗೆ ಬೇಕಾದ ಕಡೆ ಗುರುತು ಹಾಕುತ್ತಾರೆ.

ಅಪ್-ಡೌನಿನವರಿಗೆ ನಾವು ಹೇಳಿದ್ದು ಹೆಚ್ಚೇನಿಲ್ಲ. ಆ ಬಿ.ಎ.ಗೆ ಕನಿಷ್ಠ ಮೂರು ವರ್ಷವಾದರೂ ಗರಿಷ್ಠ ಆರು ವರ್ಷದ ಅವಧಿ ಇತ್ತು. ಆರು ವರ್ಷವೆಂದು ಇಟ್ಟುಕೊಂಡರೆ ವಾರಕ್ಕೆ ೧೩ ಗಂಟೆ ಸಾಕು. ಇದನ್ನು ಒಪ್ಪಿಸುವುದೇ ಕಷ್ಟವಾಯಿತು. ನಿಧಾನವೆಂದರೆ ಸೋಲೆಂದು ನಮ್ಮವರ ಭಾವನೆ. ಕಡೆಗೆ ಹೀಗೆ ಹಂಚಿದರು: ಬೆಳಿಗ್ಗೆ ರೈಲಿನಲ್ಲಿ ದಿನಕ್ಕೊಂದು ಗಂಟೆಯಂತೆ ೬, ಭಾನುವಾರ ವಾಚನಾಲಯದಲ್ಲಿ ೩, ಸಂಜೆ ಎರಡು ದಿನ ಮನೆಯಲ್ಲಿ ೪. ರೈಲಿನಲ್ಲಿ ಆಣಂದದ ತನಕ ಕೂರಲು ಜಾಗವಿಲ್ಲ, ಆಮೇಲೆ ಸಿಕ್ಕರೆ ಸಿಕ್ಕಿತು. ಆದ್ದರಿಂದ ನಿಂತು ಓದಬಹುದಾದದ್ದನ್ನು, ಹಿಂದಿನ ರಾತ್ರಿ ತಾವೇ ಬರೆದುಕೊಂಡ ಚೀಟಿಗಳನ್ನು ಮಾತ್ರ, ಜೇಬಿನಲ್ಲಿಟ್ಟುಕೊಳ್ಳುತ್ತಾರೆ, ಪುಸ್ತಕವನ್ನಲ್ಲ. ಬರುವಾಗ ಪಾಸಿನವರ ಮಂಡಳಿಯಲ್ಲಿ ಇಸ್ಪೀಟು. ಅದನ್ನು ಬಿಡಿಸಲು ನಾವು ಹೋಗಲಿಲ್ಲ. ದಿನವೆಲ್ಲ ದುಡಿದವನಿಗೆ ನಾಲ್ಕು ಜನ ಸ್ನೇಹಿತರೂ ಬೇಕಲ್ಲವೇ.

ಪಾಳಿಯ ಕೆಲಸದವರ ಕಥೆ ಬೇರೆ. ‘ಸೋಮವಾರ ಸಂಜೆ ಏಳಕ್ಕೆ ಓದು’ ಎಂದು ಬರೆದರೆ ಮುಂದಿನ ಸೋಮವಾರ ಸಂಜೆ ಏಳಕ್ಕೆ ಅವರು ಯಂತ್ರದ ಎದುರಿಗಿರುತ್ತಾರೆ. ಆದ್ದರಿಂದ ವಾರದ ವೇಳಾಪಟ್ಟಿಯನ್ನು ಬಿಟ್ಟು, ಪಾಳಿಗೊಂದರಂತೆ ಮೂರು ರಟ್ಟಿನ ಕಾರ್ಡು ಮಾಡಿಸಿದೆವು. ರಾತ್ರಿಪಾಳಿಯ ಕಾರ್ಡಿನಲ್ಲಿ ಹೊಸ ಪಾಠವಿಲ್ಲ. ನಕಲು ಮಾಡುವುದು, ಹಳೆಯದನ್ನು ತಿರುವಿಹಾಕುವುದು ಮಾತ್ರ.

ಸೂರತ್ತಿನ ಹೋಟೆಲಿನಲ್ಲಿರುವ ಹುಡುಗರು ಬೆಳಗಿನ ಆರರಿಂದ ರಾತ್ರಿಯವರೆಗೆ ನಿಂತೇ ಇರುತ್ತಾರಾದರೂ ಮಧ್ಯಾಹ್ನದ ಊಟದ ಗದ್ದಲಕ್ಕೂ ಸಂಜೆಯ ತಿಂಡಿಗೂ ನಡುವೆ ಒಂದೂವರೆ ಗಂಟೆ ಬಿಡುವುಂಟು. ರಾತ್ರಿ ಓದುತ್ತೇನೆಂದು ಹೊರಟವನು ಪುಸ್ತಕದ ಮೇಲೆ ನಿದ್ದೆ ಹೋಗುತ್ತಾನೆ. ಆ ಮಧ್ಯಾಹ್ನದ ಹೊತ್ತಿನಲ್ಲಿ ಅರ್ಧ ಗಂಟೆ ಮಲಗಿ, ಎದ್ದು ಮುಕ್ಕಾಲು ಗಂಟೆ ಓದಿದವನಿಗೆ ಅದು ದಕ್ಕಿತು. ಮುಂಬಯಿಯಲ್ಲಿ ಕನ್ನಡಿಗರು ಕಟ್ಟಿದ ರಾತ್ರಿಶಾಲೆಗಳಲ್ಲಿ ಹೋಟೆಲಿನ ಎಷ್ಟೋ ಹುಡುಗರು ಓದಿ ಮುಂದೆ ಬಂದದ್ದು ತಮಗೆ ಗೊತ್ತಿದೆ. ಅಂಬೇಡ್ಕರರ ಪೀಪಲ್ಸ್ ಎಜುಕೇಶನ್ ಸೊಸೈಟಿ ೧೯೪೬ರಲ್ಲಿ ಅಲ್ಲಿಯೇ ಸಿದ್ಧಾರ್ಥ ಕಾಲೇಜು ತೆರೆದಾಗ, ದುಡಿಯುವವರು ಓದಿ ಕೆಲಸಕ್ಕೆ ಹೋಗಲೆಂದು ತರಗತಿಗಳನ್ನು ಬೆಳಗಿನ ಹೊತ್ತಿಗೆ ಇಟ್ಟಿತು. ಅಲ್ಲಿ ಕಾಲೇಜೇ ತನ್ನ ಗಡಿಯಾರವನ್ನು ವಿದ್ಯಾರ್ಥಿಗೆ ಹೊಂದಿಸಿಕೊಂಡಿತು. ನಮ್ಮ ವಾಚನಾಲಯ ಮಧ್ಯಾಹ್ನ ಮುಚ್ಚಿರುತ್ತಿದ್ದುದನ್ನು ಈಗ ತೆರೆದಿಡುವುದು ಈ ಕಾರಣಕ್ಕಾಗಿ.

ಇನ್ನು ಮಣಿನಗರದಿಂದ ಬರುವ ಒಬ್ಬ ತಾಯಿಯ ವಿಷಯ. ಇದನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು, ಏಕೆಂದರೆ ಇದರಲ್ಲಿ ನಮ್ಮ ಬುದ್ಧಿ ಕೆಟ್ಟಿತ್ತು. ಮದುವೆಗೆ ಮುಂಚೆ ಪಿ.ಯು.ಸಿ. ಆದವರು, ಈಗ ಬಿ.ಎ. ಕಟ್ಟಿದ್ದಾರೆ. ಗಂಡ ಗುಮಾಸ್ತರು, ಇಬ್ಬರು ಮಕ್ಕಳು, ಅತ್ತೆಯವರು ಹಾಸಿಗೆ ಹಿಡಿದಿದ್ದಾರೆ. ಹೊತ್ತಿಲ್ಲವೆಂದಾಗ ನಾವು ಸಲೀಸಾಗಿ “ಬೆಳಿಗ್ಗೆ ನಾಲ್ಕಕ್ಕೆ ಏಳಿ ಅಮ್ಮಾ” ಎಂದೆವು. ಸಾಬರಮತಿ ಆಶ್ರಮದಲ್ಲಿ ನಾಲ್ಕಕ್ಕೆ ಗಂಟೆ ಬಾರಿಸುತ್ತಿದ್ದರೆಂದು ಗಾಂಧೀಜಿಯವರ ಹೆಸರನ್ನೂ ಎಳೆದು ತಂದೆವು. ಆಕೆ ಒಂದು ತಿಂಗಳು ನಾಲ್ಕಕ್ಕೆ ಎದ್ದರು. ಹನ್ನೊಂದಕ್ಕೆ ಮಲಗುವವರು ನಾಲ್ಕಕ್ಕೆ ಎದ್ದರೆ ಏನಾಗಬೇಕೋ ಅದೇ ಆಯಿತು. ಒಲೆಯ ಮುಂದೆ ತಲೆ ತಿರುಗಿ ಕೈ ಸುಟ್ಟುಕೊಂಡರು. ಆಶ್ರಮದಲ್ಲಿ ರಾತ್ರಿ ಬೇಗ ಮಲಗುತ್ತಿದ್ದರು, ಅಡಿಗೆಯ ಕೆಲಸ ಹಂಚಿಕೊಳ್ಳುತ್ತಿದ್ದರು, ಗಂಟೆ ಎಲ್ಲರಿಗೂ ಒಂದೇ ಆಗಿತ್ತು ಎಂಬುದನ್ನು ನಾವು ಮರೆತಿದ್ದೆವು.

ಆಮೇಲೆ ಆಕೆಯೂ ರೋಜಮೇಳ ಬರೆದರು. ಅದನ್ನು ತಾವಾಗಿಯೇ ನಮಗೆ ತೋರಿಸಿದರು. ಅದರಲ್ಲಿ ಬಿಡುವು ಇರಲಿಲ್ಲವೆಂದಲ್ಲ; ದಿನಕ್ಕೆ ಎರಡು ಗಂಟೆಯಷ್ಟಿತ್ತು. ಆದರೆ ಹತ್ತು ಹತ್ತು ನಿಮಿಷದ ಚೂರುಗಳು. ಕೂತರೆ ಅತ್ತೆಯವರಿಗೆ ನೀರು, ಪುಟ ತಿರುಗಿಸಿದರೆ ಬಾಗಿಲ ಗಂಟೆ. ಆಕೆಯ ಹೊತ್ತಿಗೆ ಯಜಮಾನರು ಅನೇಕರು. ಪುಸ್ತಕ ಓದುವುದಕ್ಕೆ ಬೇಕಾದದ್ದು ಇಡೀ ಗಂಟೆ. ಅದನ್ನು ಆಕೆಯೊಬ್ಬರೇ ಮಾಡಿಕೊಳ್ಳಲಾರರು, ಮನೆಯವರು ಕೊಡಬೇಕು. ಆ ಹಾಳೆಯನ್ನು ಆಕೆ ಊಟದ ಮಣೆಯ ಪಕ್ಕದಲ್ಲಿಟ್ಟರಂತೆ. ಗಂಡ ನೋಡಿ ಏನೂ ಮಾತನಾಡದೆ, ಒಂದು ವಾರ ತಮ್ಮದನ್ನೂ ಬರೆದರು. ಕಚೇರಿಯಿಂದ ಬಂದ ಮೇಲೆ ಪತ್ರಿಕೆ, ಚಹಾ, ಟಿ.ವಿ. ಎಂದು ದಿನಕ್ಕೆ ಒಂದೂವರೆ ಗಂಟೆ ಅಲ್ಲಿತ್ತು. ಈಗ ಶನಿವಾರ, ಭಾನುವಾರ ಎರಡರಿಂದ ಐದರವರೆಗೆ ಆಕೆ ಈ ಮೇಜಿನ ಆ ತುದಿಯಲ್ಲಿ ಕೂರುತ್ತಾರೆ. ಮನೆಯಲ್ಲಿ ಅವರು ತಾಯಿಯ ಬಳಿ ಕೂತಿರುತ್ತಾರೆ. ವಾರಕ್ಕೆ ಆರೇ ಗಂಟೆ, ಹೌದು. ಆದರೆ ಯಾರೂ ಕರೆಯದ ಆರು ಗಂಟೆ.

ಕಾಗದಪತ್ರಗಳ ವಿಷಯ ಚುಟುಕಾಗಿ ಹೇಳಿ ಮುಗಿಸುತ್ತೇವೆ. ಒಂದೇ ಕೋಣೆಯಲ್ಲಿ ಐದು ಜನ ಇರುವ ಕಡೆ ಓದುವ ಮೇಜು ಎಂಬ ಮಾತೇ ಹಾಸ್ಯ. ಆದ್ದರಿಂದ ಪ್ರತಿಯೊಬ್ಬರಿಗೂ ಒಂದು ಬಟ್ಟೆಯ ಚೀಲ. ಪುಸ್ತಕ, ಬರೆದ ಹಾಳೆ, ಶುಲ್ಕದ ರಸೀದಿ, ಗುರುತಿನ ಚೀಟಿ ಎಲ್ಲ ಅದರಲ್ಲಿ, ಗೂಟಕ್ಕೆ ತೂಗುಹಾಕುವುದು. ಅಸೈನ್‌ಮೆಂಟನ್ನು ಒಪ್ಪಿಸುವ ಮುಂಚೆ ಅದರ ಒಂದು ಪ್ರತಿ ಮತ್ತು ಒಪ್ಪಿಸಿದ್ದಕ್ಕೆ ರಸೀದಿ ಕಡ್ಡಾಯ. ಒಟ್ಟು ಅಂಕದಲ್ಲಿ ಸಾಮಾನ್ಯವಾಗಿ ಶೇಕಡಾ ೩೦ ಅದಕ್ಕೆ, ೭೦ ಪರೀಕ್ಷೆಗೆ. ಒಂದರಲ್ಲಿ ಹೆಚ್ಚು ಬಂದರೆ ಇನ್ನೊಂದರ ಕೊರತೆ ತುಂಬುವುದಿಲ್ಲ, ಎರಡರಲ್ಲೂ ಬೇರೆಬೇರೆ ಪಾಸಾಗಬೇಕು. ನಾಲ್ಕು ತಾರೀಕುಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಮಸಿಯಿಂದ ಬರೆಯಬೇಕು: ಮರುನೋಂದಣಿ, ಅಸೈನ್‌ಮೆಂಟು, ಪರೀಕ್ಷೆಯ ಅರ್ಜಿ, ಪರೀಕ್ಷೆ. ಪರೀಕ್ಷೆಗಳು ಜೂನ್ ಮತ್ತು ಡಿಸೆಂಬರಿನಲ್ಲಿ. ಮಿಕ್ಕ ತಾರೀಕುಗಳು ಪ್ರತಿ ಸಲ ಪ್ರಕಟವಾಗುತ್ತವೆ, ಕೆಲವೊಮ್ಮೆ ಮುಂದಕ್ಕೂ ಹೋಗುತ್ತವೆ. ಮುಂದಕ್ಕೆ ಹೋಗುತ್ತದೆಂದು ನಂಬಿ ಕೂತು ಕೆಟ್ಟವರನ್ನು ನಾವು ನೋಡಿದ್ದೇವೆ.

ನಮ್ಮ ಕೈಲಾಗದ್ದನ್ನೂ ಹೇಳಿಬಿಡಬೇಕು. ಇದೇ ಅಹಮದಾಬಾದಿನಲ್ಲಿ ಅನಸೂಯಾ ಸಾರಾಭಾಯಿಯವರ ಮುಂದಾಳುತನದಲ್ಲಿ ೧೯೨೦ರಲ್ಲಿ ಮಜೂರ್ ಮಹಾಜನ್ ಹುಟ್ಟಿದಾಗ, ಮಿಲ್ಲಿನವರ ದುಡಿಮೆಗೆ ೧೯೧೧ರ ಕಾನೂನು ಇಟ್ಟಿದ್ದ ಮಿತಿ ದಿನಕ್ಕೆ ೧೨ ಗಂಟೆ. ೧೯೨೨ರಲ್ಲಿ ಅದು ೧೧ ಆಯಿತು, ೧೯೩೪ರಲ್ಲಿ ೧೦. ೧೯೪೮ರ ಕಾರಖಾನೆ ಕಾನೂನು ವಾರಕ್ಕೆ ೪೮ ಗಂಟೆಯ ಮಿತಿ ಇಟ್ಟಿತು. ಮಜೂರ್ ಮಹಾಜನ್ ರಾತ್ರಿಶಾಲೆಗಳನ್ನು ನಡೆಸಿತು. ದುಡಿಮೆಯ ಗಂಟೆ ಇಳಿಸಬೇಕೆಂದು ಹೋರಾಡಿತು. ಎರಡನ್ನೂ ಒಂದೇ ಸಂಸ್ಥೆ ಮಾಡಿತೆಂಬುದು ಗಮನಿಸತಕ್ಕದ್ದು. ಇಂದು ಸೂರತ್ತಿನ ಮಗ್ಗದ ಷೆಡ್ಡಿನಲ್ಲಿ ೧೨ ಗಂಟೆ ನಿಂತು ಬರುವವನ ಮುಂದೆ ನಮ್ಮ ರಟ್ಟಿನ ಕಾರ್ಡು ಹಿಡಿಯಲು ನಮಗೆ ನಾಚಿಕೆ. ಅವನಿಗೆ ಕೊರತೆ ಇರುವುದು ಹೊತ್ತು, ಹೊತ್ತಿನ ಲೆಕ್ಕವಲ್ಲ. ಅವನು ಬಂದರೆ ದಿನಪತ್ರಿಕೆ ಕೊಟ್ಟು, ಫ್ಯಾನಿನ ಕೆಳಗೆ ಕೂರಿಸುತ್ತೇವೆ. ವರ್ಷಕ್ಕೊಂದೇ ವಿಷಯ ಸಾಕು ಎನ್ನುತ್ತೇವೆ. ಅದಕ್ಕಿಂತ ಹೆಚ್ಚು ಹೇಳುವ ಅಧಿಕಾರ ನಮಗಿಲ್ಲ.

ಕಳೆದ ಸಲ ಅಪ್-ಡೌನಿನವರು ಎರಡು ವಿಷಯ ಬರೆದು ಎರಡರಲ್ಲೂ ಪಾಸಾದರು. ಮಣಿನಗರದ ತಾಯಿ ಒಂದರಲ್ಲಿ ಗೆದ್ದು ಒಂದರಲ್ಲಿ ಸೋತರು. ಸೋತದ್ದನ್ನು ಪುನಃ ಕಟ್ಟಿದ್ದಾರೆ. ಹೋಟೆಲಿನ ಹುಡುಗರಲ್ಲಿ ಒಬ್ಬನು ಕೆಲಸ ಬದಲಾಯಿಸಿ ಮುಂಬಯಿಗೆ ಹೋದ, ಚೀಲ ಮಾತ್ರ ನಮ್ಮ ಗೂಟದಲ್ಲೇ ಇದೆ. ಅವನ ಗುರುತಿನವರು ಇಲ್ಲಿ ಯಾರಾದರೂ ಇದ್ದರೆ ದಯವಿಟ್ಟು ತಲುಪಿಸಬೇಕು. ಅದರಲ್ಲಿ ಅವನ ರಸೀದಿಗಳಿವೆ, ಅವಧಿ ಇನ್ನೂ ಮುಗಿದಿಲ್ಲ.

ಹೊಸಬರಿಗೆ ಮುಂದಿನ ಭಾನುವಾರ ಮೂರು ಗಂಟೆಗೆ. ಪುಸ್ತಕ ತರಬೇಕಾಗಿಲ್ಲ. ಗೆರೆ ಹಾಕಿದ ಎರಡು ಹಾಳೆ, ಒಂದು ಪೆನ್ಸಿಲು ಸಾಕು.