ನೀಳ್ಗುರ್ಚಿಯ ಪ್ರಸಂಗ



ಮೂವತ್ತಾರು ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದ ಮನುಷ್ಯ ಧ್ವನಿವರ್ಧಕದ ಮುಂದೆ ಕುಳಿತು ಸೋಫಾದ ವಿಷಯ ಮಾತನಾಡುತ್ತಾನೆಂದರೆ ನಿಮ್ಮಲ್ಲಿ ಕೆಲವರಿಗಾದರೂ ಆಶ್ಚರ್ಯವಾದೀತು. ಪಂಪನನ್ನೋ ಹರಿಹರನನ್ನೋ ಕುರಿತು ನಾಲ್ಕು ಮಾತು ಕೇಳಬಹುದೆಂದು ಕಾದಿದ್ದವರ ಕ್ಷಮೆಯನ್ನು ಮೊದಲೇ ಬೇಡಿಬಿಡುತ್ತೇನೆ. ಕಳೆದ ಒಂದು ವರ್ಷದಲ್ಲಿ ನಾನು ಕಾವ್ಯವನ್ನು ಧ್ಯಾನಿಸಿದ್ದಕ್ಕಿಂತ ಆಸನವನ್ನು ಧ್ಯಾನಿಸಿದ್ದೇ ಹೆಚ್ಚು. ಯೋಗಾಸನವನ್ನಲ್ಲ, ಕಾಲು ನೀಡಿ, ಬೆನ್ನೊರಗಿಸಿ, ಮಧ್ಯಾಹ್ನದ ಹೊತ್ತು ಹಾಯಾಗಿ ಕೂರುವ ಆಸನವನ್ನು. ಆಸನವೆಂಬುದು ಸ್ಥಿರವಾಗಿಯೂ ಸುಖವಾಗಿಯೂ ಇರಬೇಕೆಂದು ಪತಂಜಲಿಯೇ ಹೇಳಿದ್ದಾನೆ. ಆತ ಸೋಫಾದ ಅಂಗಡಿಗೆ ಹೋದವನಲ್ಲವಾದರೂ ಈ ಎರಡು ಲಕ್ಷಣಗಳು ಒಂದೆಡೆ ಸಿಕ್ಕುವುದು ಎಷ್ಟು ದುರ್ಲಭವೆಂಬುದು ಅವನಿಗೆ ತಿಳಿದಿತ್ತೆಂದು ತೋರುತ್ತದೆ.

ನಮ್ಮ ನಡುಮನೆಯಲ್ಲಿ ಒಂದು ಆರಾಮಕುರ್ಚಿಯಿದೆ. ನಮ್ಮ ತಂದೆಯವರು 1964ರಲ್ಲಿ ಮಾಡಿಸಿದ್ದು. ಸಾಗುವಾನಿಯ ಚೌಕಟ್ಟು, ಬೆತ್ತದ ಹೆಣಿಗೆ, ಬೇಕೆಂದಾಗ ಮುಂದಕ್ಕೆ ಚಾಚಿಕೊಳ್ಳುವ ಉದ್ದನೆಯ ಎರಡು ಕೈಗಳು. ಚಿಕ್ಕಮಗಳೂರು, ಕೊಡಗಿನ ಕಾಫಿತೋಟದ ಬಂಗಲೆಗಳನ್ನು ಕಂಡವರಿಗೆ ಇದರ ಪರಿಚಯವಿದ್ದೇ ಇರುತ್ತದೆ. ಪ್ಲಾಂಟರ್ಸ್ ಚೇರ್ ಎಂದು ಇದಕ್ಕೆ ಹೆಸರು. ತೋಟ ಸುತ್ತಿ ಬಂದ ದೊರೆ ಆ ಕೈಗಳ ಮೇಲೆ ತನ್ನ ಕಾಲುಗಳನ್ನು ಎತ್ತಿಟ್ಟು ಒರಗುತ್ತಿದ್ದ. ನಮ್ಮ ತಂದೆಯವರಿಗೆ ತೋಟವೂ ಇರಲಿಲ್ಲ, ದೊರೆತನವೂ ಇರಲಿಲ್ಲ. ತಾಲ್ಲೂಕು ಕಚೇರಿಯ ಗುಮಾಸ್ತೆಯ ಸಂಬಳದಲ್ಲಿ ತಿಂಗಳಿಗಿಷ್ಟೆಂದು ಕೊಟ್ಟು ಮಾಡಿಸಿದ ಕುರ್ಚಿ ಅದು. ಸಂಜೆ ಆರರಿಂದ ರಾತ್ರಿಯ ಊಟದವರೆಗೆ ಅವರು ಅದರಲ್ಲಿಯೇ ಇರುತ್ತಿದ್ದರು. ಅವರ ಕಾಲಾನಂತರ ಅದು ನನಗೆ ಬಂತು. ಎಷ್ಟು ಸಾವಿರ ಉತ್ತರಪತ್ರಿಕೆಗಳನ್ನು ಅದರಲ್ಲಿ ಕುಳಿತು ತಿದ್ದಿದ್ದೇನೋ, ಎಷ್ಟು ಬಾರಿ ತಿದ್ದುತ್ತಲೇ ನಿದ್ದೆ ಹೋಗಿದ್ದೇನೋ, ಲೆಕ್ಕವಿಲ್ಲ.

ಕಳೆದ ವರ್ಷ ನನ್ನ ಪತ್ನಿಗೆ ಬಲಮೊಣಕಾಲಿನ ಕೀಲು ಬದಲಿಸುವ ಶಸ್ತ್ರಚಿಕಿತ್ಸೆಯಾಯಿತು. ಮನೆಗೆ ಬಂದ ನಾಲ್ಕನೆಯ ದಿನ, ವ್ಯಾಯಾಮ ಮಾಡಿಸಲು ಬರುತ್ತಿದ್ದ ಹೆಣ್ಣುಮಗಳು ಸಹಜವಾಗಿಯೇ ಒಂದು ಪ್ರಶ್ನೆ ಕೇಳಿದಳು: “ಅಮ್ಮ ಹಗಲು ಹೊತ್ತು ಸಾಮಾನ್ಯವಾಗಿ ಎಲ್ಲಿ ಕೂತ್ಕೋತಾರೆ ಸಾರ್?”

ಉತ್ತರ ಹೇಳಲು ಬಾಯಿ ತೆರೆದೆ, ಉತ್ತರ ಇರಲಿಲ್ಲ. ಮೂವತ್ತೆಂಟು ವರ್ಷ ಒಂದೇ ಮನೆಯಲ್ಲಿ ಬಾಳಿದ್ದೇವೆ. ಆಕೆ ಪ್ರೌಢಶಾಲೆಯಲ್ಲಿ ಗಣಿತದ ಅಧ್ಯಾಪಕಿಯಾಗಿದ್ದವಳು. ನಾನು ಕಾಲೇಜಿನಿಂದ ಬಂದು ಕುರ್ಚಿಗೆ ಹೋಗುತ್ತಿದ್ದ ಹೊತ್ತಿಗೆ ಸರಿಯಾಗಿ ಆಕೆ ಶಾಲೆಯಿಂದ ಬಂದು ಅಡುಗೆಮನೆಗೆ ಹೋಗುತ್ತಿದ್ದಳು. ತರಕಾರಿ ಹೆಚ್ಚುವಾಗ ನೆಲದ ಮೇಲೆ, ಊಟಕ್ಕೆ ಮಣೆಯ ಮೇಲೆ, ಆಮೇಲೆ ಊಟದ ಮೇಜಿನ ಕುರ್ಚಿಯ ಮೇಲೆ. ಹೀಗೆ ಕೆಲಸವಿದ್ದೆಡೆ ಕೂರುತ್ತಿದ್ದಳೇ ಹೊರತು, ಕೂರುವುದಕ್ಕಾಗಿಯೇ ಕೂತದ್ದನ್ನು ನಾನು ಕಂಡ ನೆನಪಾಗಲಿಲ್ಲ. ನನ್ನ ತಡವರಿಕೆ ಕಂಡು ಒಳಕೋಣೆಯಿಂದ ಆಕೆಯೇ ಹೇಳಿದಳು: “ಅವರನ್ನ ಯಾಕೆ ಕೇಳ್ತೀಯಮ್ಮ? ಅವರು ಕೂತಿದ್ದಾಗ ನಾನು ನಿಂತಿರ್ತಿದ್ದೆ.” ಆ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನನಗೆ ಇನ್ನಷ್ಟು ಸುಲಭವಾಗುತ್ತಿತ್ತು.

ಹೀಗೆ ನನ್ನ ಶೋಧನೆ ಮೊದಲಾಯಿತು. ಅಭ್ಯಾಸಬಲದಿಂದ ನಾನು ಶುರುಮಾಡಿದ್ದು ಪದದಿಂದ. ಒಂದು ಬದಿ ಮಾತ್ರ ಉದ್ದಕ್ಕೆ ಮುಂಚಾಚಿ ಕಾಲು ನೀಡಲು ಅನುವಾಗಿರುವ ಸೋಫಾವನ್ನು ಅಂಗಡಿಯವರು ಲೌಂಜರ್ ಎನ್ನುತ್ತಾರೆ. ಇದರ ಮೂಲ ಫ್ರೆಂಚರ ಷೇಜ್ ಲಾಂಗ್. ಉದ್ದನೆಯ ಕುರ್ಚಿ ಎಂದಷ್ಟೇ ಅರ್ಥ. ಇಂಗ್ಲಿಷರು ಆ ಲಾಂಗ್ ಎಂಬುದನ್ನು ಬಾಯಿತಪ್ಪಿ ಲೌಂಜ್ ಮಾಡಿಕೊಂಡರು. ನೀಳ್ಗತೆಯನ್ನು ಒಪ್ಪಿಕೊಂಡ ಕನ್ನಡ ನೀಳ್ಗುರ್ಚಿಯನ್ನು ಏಕೆ ಒಪ್ಪಬಾರದೆಂದು ನನಗೆ ತೋರಿತು. ಕುರ್ಚಿಯೆಂಬುದು ಅರಬ್ಬಿ ಮೂಲದ ಮಾತು, ಅದಕ್ಕೆ ಆದೇಶಸಂಧಿ ಮಾಡಬಹುದೇ ಎಂದು ಕೇಶಿರಾಜ ಹುಬ್ಬುಗಂಟಿಕ್ಕಿಯಾನು, ಇರಲಿ. ಸೋಫಾ ಎಂಬುದೂ ಅರಬ್ಬಿಯದೇ. ಸುಫ್ಫ ಎಂದರೆ ಹಾಸು ಹಾಸಿದ ಎತ್ತರದ ಕಟ್ಟೆ. ಅಂದರೆ ನಮ್ಮ ಜಗಲಿ! ಇನ್ನು ದಿವಾನ್ ಎಂಬ ಪೀಠಕ್ಕೂ ಮೈಸೂರಿನ ದಿವಾನರಿಗೂ ಮೂಲ ಒಂದೇ ಪಾರಸಿ ಪದ. ಲೆಕ್ಕದ ದಫ್ತರವೆಂದಿದ್ದದ್ದು ಕಚೇರಿಯಾಗಿ, ಕಚೇರಿಯ ಗೋಡೆಯುದ್ದಕ್ಕೂ ಹಾಕಿದ ಮೆತ್ತೆಯ ಪೀಠವಾಗಿ ಬೆಳೆಯಿತು. ಸಂಸ್ಕೃತದ ಪರ್ಯಂಕ ನಮ್ಮಲ್ಲಿ ಪಲ್ಲಂಗವಾಗಿ ಮನೆಯಲ್ಲುಳಿಯಿತು, ಪಲ್ಲಕ್ಕಿಯಾಗಿ ಬೀದಿಗೂ ಇಳಿಯಿತು. ಇದನ್ನೆಲ್ಲ ನಾನು ಉತ್ಸಾಹದಿಂದ ವಿವರಿಸುತ್ತಿರಲು ಆಕೆ ತಾಳ್ಮೆಯಿಂದ ಕೇಳಿ, “ಅದರ ಎತ್ತರ ಎಷ್ಟು ಅಂತ ನೋಡಿದಿರಾ?” ಎಂದಳು. ನೋಡಿರಲಿಲ್ಲ.

ಪಶ್ಚಿಮದಲ್ಲಿ ಈ ನೀಳ್ಗುರ್ಚಿಗೆ ದೊಡ್ಡ ಚರಿತ್ರೆಯೇ ಇದೆ. ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿ ದಾವೀದ್ ಎಂಬ ಕಲಾವಿದ 1800ರಲ್ಲಿ ಬರೆಯತೊಡಗಿ ಪೂರ್ತಿಗೊಳಿಸದೆ ಬಿಟ್ಟ ಚಿತ್ರವೊಂದಿದೆ. ಮದಾಂ ರೆಕಾಮಿಯೆ ಎಂಬ ತರುಣಿ ಬರಿಗಾಲಿನಲ್ಲಿ ಅಂಥದೊಂದು ಪೀಠದ ಮೇಲೆ ಒರಗಿದ್ದಾಳೆ. ಆಮೇಲೆ ಪೀಠಕ್ಕೇ ಅವಳ ಹೆಸರು ಬಿತ್ತು. ಮನೋವಿಜ್ಞಾನಿ ಫ್ರಾಯ್ಡ್ ತನ್ನ ರೋಗಿಗಳನ್ನು ಮಲಗಿಸಿ ಮಾತನಾಡಿಸುತ್ತಿದ್ದ ಪೀಠವೂ ಇದೇ ಜಾತಿಯದು. ಅದನ್ನು ಕೊಟ್ಟವಳು ಒಬ್ಬ ರೋಗಿಯೇ. 1938ರಲ್ಲಿ ವಿಯೆನ್ನಾ ಬಿಟ್ಟು ಲಂಡನ್ನಿಗೆ ವಲಸೆ ಬಂದ ಫ್ರಾಯ್ಡನ ಹಿಂದೆ ಆ ಪೀಠವೂ ಬಂತು, ಈಗಲೂ ಅಲ್ಲಿದೆ. 1928ರಲ್ಲಿ ಲ ಕಾರ್ಬುಸಿಯೆ, ಪಿಯೆರ್ ಜನ್ನರೆ, ಷಾರ್ಲೊತ್ ಪೆರಿಯಾಂ ಎಂಬ ಮೂವರು ಸೇರಿ ಉಕ್ಕಿನ ಕೊಳವೆಗಳಲ್ಲಿ ಒಂದು ನೀಳ್ಗುರ್ಚಿಯನ್ನು ರೂಪಿಸಿದರು. ಈ ಜನ್ನರೆಯೇ ಮುಂದೆ ಚಂಡೀಗಢಕ್ಕೆ ಬಂದು ಸಾಗುವಾನಿ, ಬೆತ್ತಗಳಲ್ಲಿ ಸರಕಾರಿ ಕಚೇರಿಗಳಿಗೆ ಕುರ್ಚಿ ಮಾಡಿಸಿದವನು. ಕಾಲುಮುರಿದವೆಂದು ಮೂಲೆಗೆಸೆದ ಆ ಕುರ್ಚಿಗಳು ಮುಂದೆ ಪರದೇಶದ ಹರಾಜುಗಳಲ್ಲಿ ಲಕ್ಷಗಟ್ಟಲೆ ರೂಪಾಯಿಗೆ ಹೋದವು. ಹಳೆಯ ಬೆತ್ತದ ಕುರ್ಚಿಯಿರುವವರು ಅದನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ಯೋಚಿಸಿರಿ.

ಆಕೆ ನಡೆದಾಡುವಂತಾದ ಮೇಲೆ ಒಂದು ದೊಡ್ಡ ಅಂಗಡಿಗೆ ಹೋದೆವು. ಹೆಸರು ಬೇಡ. ಅಲ್ಲಿ ಬೂದುಬಣ್ಣದ ಒಂದು ಲೌಂಜರು ನೋಡಿದೊಡನೆ ನನ್ನ ಮನಸ್ಸನ್ನು ಸೆಳೆಯಿತು, ಮೋಡವನ್ನು ಮಡಿಸಿಟ್ಟಂತಿತ್ತು. ಆಕೆ ಕುಳಿತಳು. ಕುಳಿತಳೆನ್ನುವುದಕ್ಕಿಂತ ಮುಳುಗಿದಳು. ಏಳಲು ಹೊರಟಾಗ ಕೈಯೂರಿದೆಡೆಯೆಲ್ಲ ಕುಸಿಯಿತು. ಕೊನೆಗೆ ಒಂದು ಕೈಯನ್ನು ನಾನು, ಇನ್ನೊಂದನ್ನು ಅಂಗಡಿಯ ಹುಡುಗ ಹಿಡಿದು ಎಬ್ಬಿಸಬೇಕಾಯಿತು. ಸುತ್ತಲಿನವರು ನೋಡುತ್ತಿದ್ದರು. ಆಕೆಯ ಮುಖ ಕೆಂಪಾಗಿತ್ತು. ನೋವಿನಿಂದಲೋ ಸಂಕೋಚದಿಂದಲೋ ನಾನು ಕೇಳಲಿಲ್ಲ. “ಬಾವಿ ಇದ್ದ ಹಾಗಿದೆ. ಇಳಿಯೋದು ಸುಲಭ” ಎಂದಳು, ಆಟೋದಲ್ಲಿ ಕುಳಿತ ಮೇಲೆ.

ಆ ದಿನದಿಂದ ಶೋಧನೆಯ ಸೂತ್ರ ಗಣಿತದ ಅಧ್ಯಾಪಕಿಯ ಕೈಗೆ ಹೋಯಿತು. ಹೊಲಿಗೆಪೆಟ್ಟಿಗೆಯ ಟೇಪನ್ನು ಹಿಡಿದು ಆಕೆ ಮೊದಲು ಅಳೆದದ್ದು ಅಂಗಡಿಯ ಮಾಲನ್ನಲ್ಲ, ತನ್ನನ್ನು. ನೆಲದಿಂದ ಮೊಣಕಾಲಿನ ಹಿಂಬದಿಯವರೆಗೆ 16 ಅಂಗುಲ. ಆರೋಗ್ಯವಂತರಿಗೆ ಆಸನದ ಎತ್ತರ ಅಷ್ಟಿದ್ದರೆ ಸಾಕು. ಕೀಲು ಬದಲಿಸಿಕೊಂಡವರಿಗೆ ಇನ್ನೆರಡು ಅಂಗುಲ ಎತ್ತರವಿದ್ದರೆ ಏಳುವುದು ಹಗುರವೆಂದು ಆ ವ್ಯಾಯಾಮದ ಹುಡುಗಿ ಹೇಳಿದ್ದಳು. ಈ 18 ಅಂಗುಲವನ್ನು ಖಾಲಿ ಸೋಫಾದಲ್ಲಿ ಅಳೆಯಬಾರದು, ಒಬ್ಬರು ಕುಳಿತು ಮೆತ್ತೆ ಅದುಮಿದ ಮೇಲೆ ಅಳೆಯಬೇಕು. ಅಂಗಡಿಗಳಲ್ಲಿ ಮೋಸಹೋಗುವುದು ಇಲ್ಲಿಯೇ. ನಾವು ನೋಡಿದ ಬಹಳಷ್ಟು ಸೋಫಾಗಳು ಕೂತ ಮೇಲೆ 14 ಅಂಗುಲಕ್ಕೆ ಇಳಿಯುತ್ತಿದ್ದವು. ಆಳವೂ ಹಾಗೆಯೇ. ಅಂಗಡಿಯವು 24, 26 ಅಂಗುಲ. ಐದಡಿಯ ಹೆಂಗಸು ಬೆನ್ನೊರಗಿಸಿದರೆ ಕಾಲು ನೆಲಕ್ಕೆ ಎಟಕದು, ಕಾಲೂರಿದರೆ ಬೆನ್ನಿಗೆ ಆಧಾರವಿರದು.

ಕಾಲು ನೀಡುವ ಭಾಗದ್ದು ಬೇರೆಯೇ ಕಥೆ. ಮೊಣಕಾಲಿನ ಕೆಳಗೆ ದಿಂಬು ಕೊಟ್ಟು ಸದಾ ಬಾಗಿಸಿಟ್ಟುಕೊಂಡರೆ ಕೀಲು ಹಾಗೆಯೇ ಬಿಗಿದುಕೊಳ್ಳುತ್ತದೆಯಂತೆ. ದಿಂಬಿಡುವುದಾದರೆ ಹಿಮ್ಮಡಿಯ ಕಡೆಗೆ ಇಡಬೇಕು. ಆದ್ದರಿಂದ ಆ ಭಾಗ ಉಬ್ಬುತಗ್ಗಿಲ್ಲದೆ ಸಮನಾಗಿರಬೇಕು, ಕಾಲಿಳಿಸಿ ಏಳುವಾಗ ಕೈಯೂರಲು ಪಕ್ಕದಲ್ಲಿ ಗಟ್ಟಿಯಾದ ಆಧಾರವಿರಬೇಕು. ಎಡಗೈಯ ಲೌಂಜರು, ಬಲಗೈಯದು ಎಂದು ಅಂಗಡಿಯವರು ಹೇಳುವುದು ಸಾಮಾನ್ಯವಾಗಿ ಎದುರಿಗೆ ನಿಂತು ನೋಡುವವನ ಲೆಕ್ಕ, ಕೂತವನದಲ್ಲ. ಮಹಾಕಾವ್ಯಗಳ ಪಾಠಾಂತರ ಬಿಡಿಸಿದ ನನಗೆ ಇದೊಂದು ಅರ್ಥವಾಗಲು ಎರಡು ದಿನ ಬೇಕಾಯಿತು. ಆಗ ಆಕೆ ಹಳೆಯ ಪತ್ರಿಕೆಗಳನ್ನು ಒಂದಕ್ಕೊಂದು ಅಂಟಿಸಿ ಸೋಫಾದ ಆಕಾರಕ್ಕೆ ಕತ್ತರಿಸಿ ನಡುಮನೆಯ ನೆಲಕ್ಕೆ ಹಾಸಿದಳು. ಒಂದು ವಾರ ನಾವು ಆ ಕಾಗದದ ಸೋಫಾವನ್ನು ಬಳಸಿಕೊಂಡು ಓಡಾಡಿದೆವು. ಕಿಟಕಿಯ ಕದ ತೆರೆಯುತ್ತದೆಯೇ, ದೇವರ ಮನೆಗೆ ದಾರಿ ಉಳಿಯುತ್ತದೆಯೇ, ಎಲ್ಲ ತಿಳಿಯಿತು. ಉಳಿಯುತ್ತಿರಲಿಲ್ಲ. ಉದ್ದವನ್ನು ಆರು ಅಂಗುಲ ಕತ್ತರಿಸಿದಳು.

ಆ ಅಳತೆಯ ಸಿದ್ಧಮಾಲು ಎಲ್ಲಿಯೂ ಸಿಗದೆ ನಮ್ಮ ಬೀದಿಯ ಆಚಾರರನ್ನು ಕರೆಸಿದೆವು. ಕಾಲಿನ ಭಾಗಕ್ಕೆ ಸಾಗುವಾನಿ, ಒಳಚೌಕಟ್ಟಿಗೆ ಮತ್ತಿ ಎಂದು ಅವರೇ ನಿಶ್ಚಯಿಸಿದರು. ಮೆತ್ತೆಗೆ 40 ಸಾಂದ್ರತೆಯ ಫೋಮು. ಈ 40 ಎಂಬುದು ಗಟ್ಟಿತನದ ಅಳತೆಯಲ್ಲ, ಒಂದು ಘನಮೀಟರು ಫೋಮಿನ ತೂಕ 40 ಕಿಲೋ ಎಂದಷ್ಟೇ. ತೂಕವಿದ್ದದ್ದು ಬೇಗ ಜಗ್ಗುವುದಿಲ್ಲ. ನಮ್ಮ ಕಡೆಯ ಮಳೆಗಾಲಕ್ಕೆ ವೆಲ್ವೆಟ್ಟು ಬೂಸ್ಟು ಹಿಡಿಯುತ್ತದೆ, ಬೇಸಿಗೆಗೆ ರೆಕ್ಸಿನ್ ಮೈಗಂಟುತ್ತದೆ. ಕಳಚಿ ಒಗೆಯಬಹುದಾದ ಹತ್ತಿಯ ಹೊದಿಕೆಯೇ ಸಾಕೆಂದಾಯಿತು. ಅಳತೆ ತೆಗೆದುಕೊಳ್ಳುವಾಗ ಆಚಾರರು ಸುಮ್ಮನೆ ನಮ್ಮ ತಂದೆಯವರ ಕುರ್ಚಿಗೂ ಟೇಪು ಹಿಡಿದರು. ಕೂರುವೆಡೆ ನೆಲದಿಂದ ಬರಿ 13 ಅಂಗುಲ, ಅದೂ ಹಿಂದಕ್ಕೆ ಇಳಿಜಾರು. ನಕ್ಕು ಹೇಳಿದರು: “ಕರೆದಾಗ ಎದ್ದು ಹೋಗೋರಿಗೆ ಮಾಡಿದ ಕುರ್ಚಿ ಅಲ್ಲ ಮೇಷ್ಟ್ರೆ ಇದು. ಕರೆಯೋರಿಗೆ ಮಾಡಿದ್ದು.”

ಐವತ್ತು ವರ್ಷ ಕಂಡ ಕುರ್ಚಿಯನ್ನು ನಾನು ಆ ದಿನ ಮೊದಲ ಬಾರಿಗೆ ನೋಡಿದಂತಾಯಿತು.

ನೀಳ್ಗುರ್ಚಿ ಬಂದು ಈಗ ಐದು ತಿಂಗಳು. ಮೊದಮೊದಲು ಆಕೆ ಅದರ ಅಂಚಿನಲ್ಲಿ, ನೆಂಟರ ಮನೆಗೆ ಬಂದವಳಂತೆ, ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದಳು. ಕಾಲು ಮೇಲಿಡು ಎಂದರೆ, ಯಾರಾದರೂ ಬಂದಾರು ಎನ್ನುತ್ತಿದ್ದಳು. ಬಾಗಿಲ ಗಂಟೆ ಬಾರಿಸಿದರೆ ಸಾಕು, ನೋವನ್ನೂ ಲೆಕ್ಕಿಸದೆ ಕಾಲಿಳಿಸಿ ಸೆರಗು ಸರಿಪಡಿಸಿಕೊಳ್ಳುತ್ತಿದ್ದಳು. ಮೆತ್ತೆಯನ್ನು ಆಚಾರರು ಸರಿಯಾಗಿಯೇ ಮಾಡಿದ್ದರು. ಈ ಅಭ್ಯಾಸಕ್ಕೆ ಅವರಲ್ಲಿ ಅಳತೆಯಿರಲಿಲ್ಲ.

ಹೋದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಬಂದಿದ್ದರು. ಈಗ ಅವರೂ ಕನ್ನಡದ ಪ್ರಾಧ್ಯಾಪಕರು. ನಾನು ನಮ್ಮ ತಂದೆಯವರ ಕುರ್ಚಿಯಲ್ಲಿದ್ದೆ, ಆಕೆ ತನ್ನದರಲ್ಲಿ ಕಾಲು ನೀಡಿ ಏನೋ ಓದುತ್ತಿದ್ದಳು. ಬಂದವರನ್ನು ಕಂಡು ಕಾಲನ್ನು ಅರ್ಧ ಎಳೆದುಕೊಂಡಳು. ಏನನ್ನಿಸಿತೋ, ಮತ್ತೆ ಮೊದಲಿನಂತೆಯೇ ಚಾಚಿದಳು. “ಕೂತ್ಕೊಳ್ಳಪ್ಪ” ಎಂದು ಅವರಿಗೆ ಹೇಳಿ, ಕನ್ನಡಕದ ಮೇಲಿಂದ ನನ್ನತ್ತ ನೋಡಿದಳು. “ರೀ, ಡಿಕಾಕ್ಷನ್ ಇಳಿದಿರಬೇಕು. ಮೂರು ಲೋಟ ಕಾಫಿ ಮಾಡ್ತೀರಾ?”

ಆ 13 ಅಂಗುಲದಿಂದ ಏಳುವುದಕ್ಕೆ ನನಗೆ ಸ್ವಲ್ಪ ಹೊತ್ತೇ ಹಿಡಿಯಿತು. ನನ್ನ ವಿದ್ಯಾರ್ಥಿ ಕೈ ಕೊಡಲು ಬಂದರು. ಬೇಡವೆಂದು ಹೇಳಿ ಒಳಗೆ ಹೋದೆ.