ದೂರದಾರಿಯ ಸೈಕಲ್ ಸವಾರಿ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಸಾಹಿತ್ಯ, ಸಂಗೀತ, ಶಿಕ್ಷಣ ಮೊದಲಾದ ಘನವಾದ ವಿಷಯಗಳನ್ನು ಕುರಿತು ವಿದ್ವಾಂಸರು ಆಡಿದ ಮಾತುಗಳನ್ನು ಕೇಳಿ ತಣಿದಿರುವ ಈ ಸಭೆಯಲ್ಲಿ, ಸೈಕಲ್ಲಿನ ವಿಷಯವಾಗಿ ಎರಡು ಮಾತನಾಡಬೇಕೆಂದು ಕಾರ್ಯದರ್ಶಿಗಳು ನನಗೆ ಅಪ್ಪಣೆ ಮಾಡಿದ್ದಾರೆ. ವಿಷಯ ಹಗುರವೆಂದು ತೋರಬಹುದು. ಆದರೆ ಸೈಕಲ್ಲು ನಮ್ಮ ಮನೆಗಳಿಗೆ ಹೊಸ ಅತಿಥಿಯೇನೂ ಅಲ್ಲ. ಸೊಲ್ಲಾಪುರದ ಬಟ್ಟೆಗಿರಣಿಗಳ ಭೋಂಗಾ ಊರನ್ನೆಲ್ಲ ಎಬ್ಬಿಸುತ್ತಿದ್ದ ಕಾಲದಲ್ಲಿ, ಬುತ್ತಿಯ ಗಂಟನ್ನು ಹಿಡಿಕೆಗೆ ತೂಗುಹಾಕಿಕೊಂಡು ಕೆಲಸಕ್ಕೆ ಹೊರಟವರ ಸಾಲಿನಲ್ಲಿ ನಮ್ಮ ಹಿರಿಯರೂ ಇದ್ದರು. ಹಾಲಿನವನು, ಅಂಚೆಯವನು, ಹಳ್ಳಿಯ ಶಾಲೆಗೆ ಹೋಗುವ ಮಾಸ್ತರರು, ಎಲ್ಲರಿಗೂ ಅದೇ ವಾಹನ. ಇಂದು ಅದು ಎಷ್ಟೋ ಮನೆಗಳಲ್ಲಿ ಹಿತ್ತಿಲಿನ ಮೂಲೆ ಸೇರಿ ತುಕ್ಕು ಹಿಡಿಯುತ್ತಿದೆ. ಆ ವಾಹನವನ್ನೇ ಏರಿ, ಒಂದೇ ದಿನದಲ್ಲಿ ಸೊಲ್ಲಾಪುರದಿಂದ ವಿಜಯಪುರಕ್ಕೆ ಹೋಗಿ ಮರಳಿ ಬರುವ 200 ಕಿಲೋಮೀಟರಿನ ಸವಾರಿಯಲ್ಲಿ ಭಾಗವಹಿಸಿದ ಅನುಭವವನ್ನು ತಮ್ಮ ಮುಂದೆ ನಿವೇದಿಸುವುದು ನನ್ನ ಇಂದಿನ ಕೆಲಸ.

ಈ ಬಗೆಯ ಸವಾರಿಗೆ ‘ಬ್ರೆವೆ’ ಎಂದು ಹೆಸರು. ಅದು ಫ್ರೆಂಚ್ ಭಾಷೆಯ ಮಾತು. ಯೋಗ್ಯತಾಪತ್ರವೆಂದು ಅದರ ಅರ್ಥ. ಇದರ ಹಿಂದೆ ಸ್ವಾರಸ್ಯವಾದ ಇತಿಹಾಸವಿದೆ. ಗಾಳಿ ತುಂಬಿದ ರಬ್ಬರಿನ ಚಕ್ರ ಬಳಕೆಗೆ ಬಂದು ಇನ್ನೂ ಮೂರು ವರ್ಷಗಳಷ್ಟೇ ಆಗಿದ್ದಾಗ, 1891ನೆಯ ಇಸವಿಯಲ್ಲಿ, ಪ್ಯಾರಿಸ್ ನಗರದ ಪತ್ರಿಕೆಯೊಂದರ ಸಂಪಾದಕನಾದ ಪಿಯೆರ್ ಜಿಫಾರ್ ಎಂಬಾತನು, ಪ್ಯಾರಿಸಿನಿಂದ ಸಮುದ್ರತೀರದ ಬ್ರೆಸ್ಟ್ ಪಟ್ಟಣಕ್ಕೆ ಹೋಗಿ ಮರಳಿ ಬರುವ ಸುಮಾರು 1,200 ಕಿಲೋಮೀಟರಿನ ಪಂದ್ಯವನ್ನು ಏರ್ಪಡಿಸಿದನು. ಇನ್ನೂರಕ್ಕೂ ಮಿಕ್ಕಿ ಜನ ಹೊರಟರು; ಗುರಿ ಮುಟ್ಟಿದವರು ಸುಮಾರು ಅರ್ಧದಷ್ಟು ಮಂದಿ ಮಾತ್ರ. ಮೊದಲಿಗನಾಗಿ ಬಂದ ಶಾರ್ಲ್ ತೆರೋಂ ಎಂಬುವನು ಮೂರು ರಾತ್ರಿಗಳನ್ನು ನಿದ್ದೆಯಿಲ್ಲದೆ ಕಳೆದು, 72 ಗಂಟೆಗಳೊಳಗೆ ದಾರಿಯನ್ನು ಮುಗಿಸಿದನು. ಆರು ವರ್ಷಗಳ ಬಳಿಕ, 1897ರಲ್ಲಿ, ಇಟಲಿಯ ಕೆಲವರು ರೋಮ್ ನಗರದಿಂದ ನೇಪಲ್ಸಿನವರೆಗೆ 230 ಕಿಲೋಮೀಟರು ದಾರಿಯನ್ನು ಹಗಲಿನ ಬೆಳಕಿನಲ್ಲಿಯೇ ಕ್ರಮಿಸಿ ತಮ್ಮನ್ನು ‘ಅಡಾಕ್ಸ್’ ಎಂದು ಕರೆದುಕೊಂಡರು. ಲ್ಯಾಟಿನ್ ಭಾಷೆಯಲ್ಲಿ ಅದಕ್ಕೆ ಧೀರನೆಂದು ಅರ್ಥ. ಗೆಲ್ಲುವುದಲ್ಲ, ಮುಗಿಸುವುದೇ ಧೈರ್ಯವೆಂಬ ಭಾವನೆ ಅಲ್ಲಿಂದ ಬೇರೂರಿತು. 1921ರಲ್ಲಿ ಪ್ಯಾರಿಸಿನ ಅಡಾಕ್ಸ್ ಸಂಘವು ಸಾಮಾನ್ಯ ಸವಾರರಿಗಾಗಿ 200 ಕಿಲೋಮೀಟರಿನ ಬ್ರೆವೆಯನ್ನು ಆರಂಭಿಸಿತು. ವೃತ್ತಿಪರ ಪಟುಗಳ ಪ್ಯಾರಿಸ್–ಬ್ರೆಸ್ಟ್ ಪಂದ್ಯ 1951ರಲ್ಲಿ ಕೊನೆಗೊಂಡಿತು; ಸಾಮಾನ್ಯರ ಸವಾರಿ ಮಾತ್ರ ಇಂದಿಗೂ ನಡೆಯುತ್ತಿದೆ. ಈಗ ನಾಲ್ಕು ವರ್ಷಗಳಿಗೊಮ್ಮೆ ಸಾವಿರಾರು ಜನ, ನಮ್ಮ ದೇಶದವರೂ ಸೇರಿ, ಆ ದಾರಿಯನ್ನು 90 ಗಂಟೆಗಳಲ್ಲಿ ಮುಗಿಸಲು ಹೋಗುತ್ತಾರೆ. 2023ರಲ್ಲಿಯೂ ಹೋಗಿದ್ದರು.

ಆ ದಾರಿಯ ಹಳ್ಳಿಗರ ಸೌಜನ್ಯವನ್ನು ಇಲ್ಲಿ ನೆನೆಯಬೇಕು. ನಡುರಾತ್ರಿಯಲ್ಲಿಯೂ ಮನೆಯ ಮುಂದೆ ಮೇಜು ಹಾಕಿ, ದೀಪ ಬೆಳಗಿಸಿ, ಹೋಗಿಬರುವ ಸವಾರರಿಗೆ ಕಾಫಿಯನ್ನೂ ದೋಸೆಯಂಥ ತಿನಿಸನ್ನೂ ಕೊಡುವವರು ಅಲ್ಲಿದ್ದಾರೆ. ಅವರಲ್ಲಿ ಒಂದು ಕುಟುಂಬದವರು ಹಣ ಮುಟ್ಟುವುದಿಲ್ಲ. ಊರು ಸೇರಿದ ಮೇಲೆ ಒಂದು ಚಿತ್ರದ ಅಂಚೆಕಾರ್ಡು ಬರೆಯಿರಿ ಎಂದಷ್ಟೇ ಕೇಳುತ್ತಾರೆ. ದಾಸೋಹವೆಂಬ ಮಾತನ್ನು ಬಲ್ಲ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ನಿಯಮಗಳ ವಿಚಾರ. 200 ಕಿಲೋಮೀಟರಿಗೆ 13 ಗಂಟೆ 30 ನಿಮಿಷ, 300ಕ್ಕೆ 20 ಗಂಟೆ, 400ಕ್ಕೆ 27 ಗಂಟೆ, 600ಕ್ಕೆ 40 ಗಂಟೆ. ಊಟ, ವಿಶ್ರಾಂತಿ, ಚಕ್ರ ತೂತಾದರೆ ತೇಪೆ ಹಾಕುವ ವೇಳೆ, ಎಲ್ಲವೂ ಇದರಲ್ಲಿಯೇ ಅಡಕ. ದಾರಿಯಲ್ಲಿ ತಪಾಸಣೆಯ ಕಟ್ಟೆಗಳಿರುತ್ತವೆ. ಪ್ರತಿಯೊಂದು ಕಟ್ಟೆಗೂ ತೆರೆಯುವ ವೇಳೆ, ಮುಚ್ಚುವ ವೇಳೆ ಗೊತ್ತಾಗಿರುತ್ತದೆ. ಸವಾರನು ತನ್ನ ಚೀಟಿಗೆ ಅಲ್ಲಿ ಗುರುತು ಹಾಕಿಸಿಕೊಳ್ಳಬೇಕು. ಸಹಾಯಕ್ಕೆಂದು ಮೋಟಾರುಗಾಡಿ ಹಿಂದೆ ಹಿಂದೆಯೇ ಬರುವಂತಿಲ್ಲ. ತನ್ನ ನೀರು, ಬುತ್ತಿ, ಹತ್ಯಾರಗಳನ್ನು ತಾನೇ ಹೊರಬೇಕು. ಆದರೆ ಒಬ್ಬ ಸವಾರನು ಮತ್ತೊಬ್ಬನಿಗೆ ನೆರವಾಗಲು ಯಾವ ಅಡ್ಡಿಯೂ ಇಲ್ಲ. ಎಲ್ಲಕ್ಕಿಂತ ಮುಖ್ಯವಾದ ನಿಯಮವೆಂದರೆ, ಇಲ್ಲಿ ಮೊದಲನೆಯವನು, ಎರಡನೆಯವನು ಎಂಬ ಎಣಿಕೆಯೇ ಇಲ್ಲ. ಒಂಬತ್ತು ಗಂಟೆಯಲ್ಲಿ ಬಂದವನಿಗೂ ಹದಿಮೂರು ಗಂಟೆಯಲ್ಲಿ ಬಂದವನಿಗೂ ಸಮಾನ ಗೌರವ. ವೇಳೆಯೊಳಗೆ ಮುಗಿಸಿದ ಪ್ರತಿಯೊಂದು ಸವಾರಿಯೂ ಪ್ಯಾರಿಸಿನ ಸಂಘದ ವಹಿಯಲ್ಲಿ ಒಂದು ಸಂಖ್ಯೆಯನ್ನು ಪಡೆಯುತ್ತದೆ. ಭೀಮಾತೀರದ ದೂಳು ಮೆತ್ತಿದ ಸವಾರನಿಗೂ ಅದೇ ವಹಿಯಲ್ಲಿ ಸ್ಥಾನವುಂಟೆಂಬುದು ಸಂತೋಷದ ಸಂಗತಿಯಲ್ಲವೇ?

ಸಂಕ್ರಾಂತಿ ಕಳೆದ ಮೇಲಿನ ಒಂದು ಭಾನುವಾರ, ಬೆಳಗಿನ ಆರು ಗಂಟೆಗೆ, ಸಿದ್ಧರಾಮ ಶಿವಯೋಗಿಗಳ ಹೆಸರಿನೊಡನೆ ಬೆಸೆದುಕೊಂಡಿರುವ ಕೆರೆಯ ದಂಡೆಯಿಂದ ನಾವು ಇಪ್ಪತ್ತು ಮಂದಿ ಹೊರಟೆವು. ಚಳಿಯಿತ್ತು, ಕೈಬೆರಳುಗಳು ಮರಗಟ್ಟಿದ್ದವು. ಊರು ದಾಟುತ್ತಲೇ ಕರಿಮಣ್ಣಿನ ಬಯಲು ತೆರೆದುಕೊಂಡಿತು. ಮಂದ್ರೂಪದ ಸೀಮೆಯಲ್ಲಿ ಹಿಂಗಾರಿ ಜೋಳ ಎದೆಮಟ್ಟ ನಿಂತು ತೆನೆ ಹಿಡಿದಿತ್ತು. ಬಸ್ಸಿನಲ್ಲಿ ಕುಳಿತು ಈ ದಾರಿಯಲ್ಲಿ ನಾನು ನೂರು ಸಲ ಹೋಗಿದ್ದೇನೆ. ಆದರೆ ಜೋಳದ ಹೊಲದ ಮೇಲಿಂದ ಬರುವ ಹಸಿ ವಾಸನೆಯನ್ನೂ, ಹಕ್ಕಿ ಬೆದರಿಸುವವರ ಕವಣೆಯ ಸದ್ದನ್ನೂ ಬಸ್ಸು ನನಗೆ ಎಂದೂ ಕೊಟ್ಟಿರಲಿಲ್ಲ. ಮೋಟಾರಿನಲ್ಲಿ ಕುಳಿತವನಿಗೆ ನಾಡು ಕಿಟಕಿಯೊಳಗಿನ ಚಿತ್ರ. ನಡೆಯುವವನಿಗೆ ಅದು ತೀರದ ದೂರ. ಸೈಕಲ್ಲಿನ ವೇಗವು ಇವೆರಡರ ನಡುವಿನದು. ಕಣ್ಣು ನೋಡಿದ್ದನ್ನು ಮನಸ್ಸು ಗ್ರಹಿಸುವಷ್ಟು ನಿಧಾನ, ಆದರೂ ಹಗಲೊಂದರಲ್ಲಿ ಒಂದು ಸೀಮೆಯನ್ನು ಕಂಡು ಬರುವಷ್ಟು ಚುರುಕು.

ಮೂರನೆಯ ಒಂದು ಭಾಗ ದಾರಿ ಸಾಗಿದಾಗ ಭೀಮಾನದಿಯ ಸೇತುವೆ ಬಂದಿತು. ಈಚೆ ಟಾಕಳಿ, ಆಚೆ ಧೂಳಖೇಡ. ಈಚೆ ಮಹಾರಾಷ್ಟ್ರ, ಆಚೆ ಕರ್ನಾಟಕ. ಹಲಗೆಗಳ ಮೇಲಿನ ಲಿಪಿ ಬದಲಾಯಿತು. ಆದರೆ ಈಚೆಯ ದಂಡೆಯಲ್ಲಿ ಚಹಾ ಕೊಟ್ಟ ತಾಯಿ ಯಾವ ಕನ್ನಡದಲ್ಲಿ “ಇನ್ನೂ ಎಷ್ಟ ದೂರ ಹೊಂಟೀರಿ ತಮ್ಮಾ?” ಎಂದು ಕೇಳಿದಳೋ, ಆಚೆಯ ದಂಡೆಯಲ್ಲಿ ದ್ರಾಕ್ಷಿಯ ತೋಟದವನು ಅದೇ ಕನ್ನಡದಲ್ಲಿ ಅದೇ ಪ್ರಶ್ನೆಯನ್ನು ಕೇಳಿದನು. ಹರಿಯುವ ನೀರಿನ ಮೇಲೆ ಗೆರೆ ಎಳೆಯುವುದು ಕಷ್ಟವೆಂಬುದು ನಿಧಾನವಾಗಿ ಹೋಗುವವನಿಗೆ ತಾನಾಗಿ ತಿಳಿಯುತ್ತದೆ. ಮುಂದೆ ಝಳಕಿ, ಹೊರ್ತಿ. ಹೊಲದ ಬದುವಿನಲ್ಲಿ ಬೆಂಕಿ ಮಾಡಿ ಸೀತನಿ ಸುಡುತ್ತಿದ್ದವರು ನಮ್ಮನ್ನು ಕರೆದು, ಕೈತುಂಬ ಬಿಸಿಯಾದ ಎಳೆಜೋಳದ ಕಾಳನ್ನು ಕೊಟ್ಟರು. ಹಣದ ಮಾತು ಎತ್ತಿದ್ದಕ್ಕೆ ನಕ್ಕರು. ಫ್ರಾನ್ಸಿನ ಹಳ್ಳಿಗರ ಕಥೆ ನನಗೆ ನೆನಪಾದದ್ದು ಆಗಲೇ.

ಗೋಲಗುಂಬಜ ದೂರದಿಂದ ಕಂಡಾಗ ಹನ್ನೊಂದು ಗಂಟೆ ಕಳೆದಿತ್ತು. ವಿಜಯಪುರದ ಕಟ್ಟೆ ಮುಚ್ಚುವುದು 12 ಗಂಟೆ 40 ನಿಮಿಷಕ್ಕೆ. ಚೀಟಿಗೆ ಗುರುತು ಹಾಕಿಸಿ, ಊಟ ಮಾಡಿ ಹೊರಟೆವು. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಹಳ್ಳಿಗಳಿಂದ ರಾಷ್ಟ್ರಮಟ್ಟದ ಸೈಕಲ್ ಪಟುಗಳು ಅನೇಕರು ಬಂದಿದ್ದಾರೆಂಬುದು ತಮಗೆ ತಿಳಿದೇ ಇದೆ. ಶ್ರೀಮಂತ ನಗರಗಳಿಂದಲ್ಲ, ಒಕ್ಕಲುತನದ ಮನೆಗಳಿಂದ ಅವರು ಬಂದರು. ಆ ದಾರಿಯಲ್ಲಿ ತುಳಿಯುವಾಗ ಇದೂ ಒಂದು ಹುರುಪು.

ಮರಳುವ ದಾರಿಯಲ್ಲಿ ನಿಜವಾದ ಪರೀಕ್ಷೆ ಮೊದಲಾಯಿತು. ನೆತ್ತಿಯ ಮೇಲೆ ಬಿಸಿಲು, ಎದುರಿಗೆ ಗಾಳಿ, ಮರವಿಲ್ಲದ ಬಯಲು. ಗಾಳಿಗೆ ಎದುರಾಗಿ ಹೋಗುವ ವೇಗ ಇಮ್ಮಡಿಯಾದರೆ ಅದರ ತಡೆ ನಾಲ್ಮಡಿಯಾಗುತ್ತದೆ; ಆದ್ದರಿಂದ ಅಲ್ಲಿ ಹಟ ಮಾಡಿದವನು ಬೇಗ ದಣಿಯುತ್ತಾನೆ. ನಮ್ಮ ಗುಂಪಿನಲ್ಲಿ ಇಪ್ಪತ್ತೆರಡು ವಯಸ್ಸಿನ ಒಬ್ಬ ತರುಣನಿದ್ದನು. ಬಹಳ ಬೆಲೆಯ, ಬೆರಳಲ್ಲಿ ಎತ್ತಬಹುದಾದಷ್ಟು ಹಗುರವಾದ ಸೈಕಲ್ಲು ಅವನದು. ಬೆಳಿಗ್ಗೆ ನಮ್ಮೆಲ್ಲರನ್ನೂ ಹಿಂದಿಕ್ಕಿ ಹೋದವನು, ಝಳಕಿಯ ಸಮೀಪದಲ್ಲಿ ಒಂದು ಬೇವಿನ ಗಿಡದ ಕೆಳಗೆ ಕುಳಿತಿದ್ದನು. ಕೈ ನಡುಗುತ್ತಿದ್ದವು. ಊಟ ಬಿಟ್ಟು ಬರಿಯ ನೀರು ಕುಡಿದು ಬಂದಿದ್ದನಂತೆ. ಕೆಲವು ಗಂಟೆಗಳ ದುಡಿಮೆಗೆ ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆಯಂಶ ತೀರಿದರೆ, ಎಂಥ ಗಟ್ಟಿಗನಿಗೂ ಕಾಲು ಬಾರದು. “ಟೆಂಪೋ ಹತ್ತಿ ಹೋಗುತ್ತೇನೆ, ನೀವು ನಡೆಯಿರಿ” ಎಂದನು. ಹಾಗೆ ವಾಹನ ಹತ್ತಿದರೆ ಅಲ್ಲಿಗೆ ಸವಾರಿ ಮುಗಿದಂತೆ.

ನಮ್ಮ ಜೊತೆಗಿದ್ದ ಇನ್ನೊಬ್ಬರು ಅರವತ್ತು ದಾಟಿದವರು. ಮಗ್ಗದ ಕೆಲಸದಲ್ಲಿ ಜೀವ ತೇಯ್ದವರು. ಅವರದು ಗೇರಿಲ್ಲದ, ಹಿಂದೆ ಕ್ಯಾರಿಯರು ಕಟ್ಟಿದ ಸಾದಾ ಉಕ್ಕಿನ ಸೈಕಲ್ಲು. ಅವರು ಮಾತಿಲ್ಲದೆ ಇಳಿದು, ಗಂಟು ಬಿಚ್ಚಿ, ಖಡಕ್ ರೊಟ್ಟಿಯ ಚೂರಿಗೆ ಶೇಂಗಾ ಹಿಂಡಿ ಹಚ್ಚಿ, ಜೊತೆಗೆ ಒಂದು ಬೆಲ್ಲದ ಹೆಂಟೆಯನ್ನಿಟ್ಟು ಆ ಹುಡುಗನ ಕೈಗೆ ಕೊಟ್ಟರು. ಇಪ್ಪತ್ತು ನಿಮಿಷ ಕಾದೆವು. ನಮ್ಮ ವೇಳೆಯಲ್ಲಿಯೂ ಇಪ್ಪತ್ತು ನಿಮಿಷ ಕರಗಿತು. ಉಳಿದಿದ್ದ ಹೊತ್ತು ಎಣಿಸಿಟ್ಟಂತಿತ್ತು. ಬಳಿಕ ಹಿರಿಯರು, “ನನ್ನ ಹಿಂದಿನ ಗಾಲಿ ಬಿಡಬೇಡ, ಮಾತಾಡಬೇಡ, ತುಳಿ” ಎಂದು ಮುಂದೆ ಹೋದರು. ಮುಂದಿನವನು ಗಾಳಿಯನ್ನು ಸೀಳಿದರೆ ಹಿಂದಿನವನ ದುಡಿಮೆ ಬಹಳಷ್ಟು ಕಡಿಮೆಯಾಗುತ್ತದೆ. ಅವರೂ ನಾನೂ ಸರದಿಯ ಮೇಲೆ ಮುಂದಾದೆವು. ಭೀಮೆಯನ್ನು ದಾಟುವಾಗ ಹೊತ್ತು ಇಳಿದಿತ್ತು. ಮಂದ್ರೂಪದ ಹತ್ತಿರ ಕತ್ತಲೆ. ಕಬ್ಬು ಹೇರಿದ ಜೋಡಿ ಟ್ರೇಲರಿನ ಟ್ರ್ಯಾಕ್ಟರುಗಳು, ಹಿಂದೆ ದೀಪವೂ ಇಲ್ಲದೆ, ಕರಿಯ ಗೋಡೆಗಳಂತೆ ಥಟ್ಟನೆ ಎದುರಾಗುತ್ತಿದ್ದವು. ಕೊನೆಯ ಗಂಟೆಯಲ್ಲಿ ಒಬ್ಬರೂ ಮಾತನಾಡಲಿಲ್ಲ. ಮುಕ್ತಾಯದ ಕಟ್ಟೆಯಲ್ಲಿ ಚೀಟಿ ಕೊಟ್ಟಾಗ ಏಳು ಗಂಟೆ ಹದಿನೆಂಟು ನಿಮಿಷ. ಮುಚ್ಚಲು ಹನ್ನೆರಡು ನಿಮಿಷ ಉಳಿದಿತ್ತು. ಮೂವರ ಚೀಟಿಗೂ ಒಂದೇ ಬಗೆಯ ಗುರುತು ಬಿದ್ದಿತು. ಆ ತರುಣನು ಹಿರಿಯರ ಕಾಲು ಮುಟ್ಟಲು ಬಾಗಿದನು. ಅವರು ಅವನ ಹೆಗಲು ಹಿಡಿದೆತ್ತಿ, “ಮುಂದಿನ ಸಲ ರೊಟ್ಟಿ ಕಟ್ಟಿಕೊಂಡು ಬಾ” ಎಂದಷ್ಟೇ ಹೇಳಿದರು.

ಮಹನೀಯರೇ, ನಾನು ಹೇಳಬೇಕಾದ ಮುಖ್ಯ ಮಾತು ಇಲ್ಲಿದೆ. ನಮ್ಮ ಮಕ್ಕಳು ಬೆಳೆಯುತ್ತಿರುವುದು ಅಂಕಗಳ, ಕ್ರಮಾಂಕಗಳ ಕಾಲದಲ್ಲಿ. ಪಕ್ಕದವನಿಗಿಂತ ಮುಂದೆ ಹೋಗದಿದ್ದರೆ ಹೋಗಿದ್ದೇ ವ್ಯರ್ಥವೆಂದು ಅವರು ನಂಬತೊಡಗಿದ್ದಾರೆ. ಕನ್ನಡ ಶಾಲೆಯಲ್ಲಿ ಓದಿದ್ದರಿಂದ ತಾವು ಹಿಂದೆ ಬಿದ್ದೆವೇನೋ ಎಂಬ ಅಳುಕು ಕೆಲವರ ಮನಸ್ಸಿನಲ್ಲಿದೆಯೆಂಬುದೂ ನನಗೆ ಗೊತ್ತು. ಅಂಥವರಿಗೆ ಈ ಸವಾರಿ ಬೇರೊಂದು ಲೆಕ್ಕವನ್ನು ಕಲಿಸುತ್ತದೆ. ಇಲ್ಲಿ ಎದುರಾಳಿ ನೆರೆಯವನಲ್ಲ, ಕಾಲ. ಕಾಲನೊಡನೆ ಹೋರಾಡುವವರು ಒಬ್ಬರ ಗಾಳಿಯನ್ನು ಒಬ್ಬರು ತಡೆದುಕೊಂಡು ಹೋಗಬಹುದು. ಅದರಿಂದ ಯಾರ ಗೆಲವೂ ಕುಂದುವುದಿಲ್ಲ. ಗಂಟೆಗೆ ಹದಿನೈದು ಕಿಲೋಮೀಟರು ಎಂಬುದು ದೊಡ್ಡ ವೇಗವಲ್ಲ. ಅದನ್ನು ಹಗಲೆಲ್ಲ ಬಿಡದೆ ಕಾಯ್ದುಕೊಳ್ಳುವುದೇ ದೊಡ್ಡದು.

ಹೊರಡಬೇಕೆಂಬ ತರುಣರಿಗೆ ಕೆಲವು ಸೂಚನೆಗಳನ್ನು ಹೇಳಿ ಮುಗಿಸುತ್ತೇನೆ. ಬೆಲೆಬಾಳುವ ಯಂತ್ರಕ್ಕಾಗಿ ತಂದೆತಾಯಿಗಳನ್ನು ಪೀಡಿಸಬೇಡಿರಿ. ಬ್ರೇಕು ಹಿಡಿಯುವ, ಗಾಲಿ ಸರಿಯಾಗಿ ತಿರುಗುವ, ನಿಮ್ಮ ಅಳತೆಗೆ ಒಪ್ಪುವ ಸೈಕಲ್ಲಿದ್ದರೆ ಸಾಕು. ಮೊದಲು 20, ಆಮೇಲೆ 50, ಆಮೇಲೆ 100 ಕಿಲೋಮೀಟರು, ಹೀಗೆ ಕೆಲವು ತಿಂಗಳು ದೇಹವನ್ನು ಹದಗೊಳಿಸಿರಿ. ಹಸಿಯುವುದಕ್ಕೆ ಮುಂಚೆ ತಿನ್ನಿರಿ, ಬಾಯಾರುವುದಕ್ಕೆ ಮುಂಚೆ ಕುಡಿಯಿರಿ. ನಮ್ಮ ಮನೆಯ ರೊಟ್ಟಿ, ಬೆಲ್ಲ, ಶೇಂಗಾ, ಬಾಳೆಹಣ್ಣು, ಉಪ್ಪು ಸಕ್ಕರೆ ಬೆರೆಸಿದ ನಿಂಬೆಯ ಪಾನಕ, ಇವಕ್ಕಿಂತ ಉತ್ತಮವಾದ ದಾರಿಬುತ್ತಿ ಬೇರಿಲ್ಲ. ತಲೆಗೆ ಶಿರಸ್ತ್ರಾಣ, ಕತ್ತಲೆಯಲ್ಲಿ ಮುಂದೆ ಬಿಳಿಯ ದೀಪ, ಹಿಂದೆ ಕೆಂಪು ದೀಪ, ಮೈಮೇಲೆ ಬೆಳಕಿಗೆ ಮಿನುಗುವ ಅಂಗಿ, ಇವಿಲ್ಲದೆ ಹೆದ್ದಾರಿಗೆ ಇಳಿಯಬೇಡಿರಿ. ಸುಗ್ಗಿಯ ದಿನಗಳಲ್ಲಿ ಕಬ್ಬಿನ ಗಾಡಿಗಳ ಎಚ್ಚರವಿರಲಿ. ಗಾಡಿಯ ಮಾಲೀಕರು ಈ ಸಭೆಯಲ್ಲಿದ್ದರೆ, ಹಿಂಬದಿಗೆ ಮಿನುಗುಪಟ್ಟಿಯನ್ನು ಹಚ್ಚಿಸಿ ಎಷ್ಟೋ ಮನೆಗಳ ದೀಪವನ್ನು ಕಾಯಬೇಕೆಂದು ಕೈಮುಗಿದು ಬೇಡುತ್ತೇನೆ. ಹೆಣ್ಣುಮಕ್ಕಳನ್ನು ಹಿಂದೆ ಉಳಿಸಬೇಡಿರಿ. ಅವರಿಗೂ ವೇಳೆ ಒಂದೇ, ನಿಯಮ ಒಂದೇ, ಗೌರವವೂ ಒಂದೇ.

ಹಿತ್ತಿಲಿನ ಮೂಲೆಯಲ್ಲಿ ನಿಂತಿರುವ ಸೈಕಲ್ಲಿನ ದೂಳೊರಸಿ, ಸರಪಣಿಗೆ ಎಣ್ಣೆ ಬಿಟ್ಟು, ಬರುವ ಭಾನುವಾರ ಮಕ್ಕಳೊಡನೆ ಹತ್ತಿರದ ಒಂದು ಹಳ್ಳಿಯವರೆಗಾದರೂ ಹೋಗಿಬನ್ನಿರೆಂದು ತಂದೆತಾಯಿಗಳಲ್ಲಿ ನನ್ನ ವಿನಂತಿ.