ಕಸ ಹುಟ್ಟುವಲ್ಲೇ ಕಸುಬು ಹುಟ್ಟಲಿ

(ಬೆಂಗಳೂರಿನ ಜೀವನ್ ಬಿಮಾ ನಗರದಲ್ಲಿ ಮಲೆನಾಡಿನ ವಿದ್ಯಾರ್ಥಿಗಳೂ ಕೃಷಿಕರೂ ಸೇರಿದ್ದ ಕೂಟದಲ್ಲಿ ಮಾಡಿದ ಭಾಷಣದ ಪಠ್ಯ)



ನಾವು ಬೆಳೆದ ಮನೆಗಳಲ್ಲಿ ಗೊಬ್ಬರಗುಂಡಿ ಇತ್ತು, ಕಸದ ಬುಟ್ಟಿ ಇರಲಿಲ್ಲ. ಬಾಳೆಯ ಸಿಪ್ಪೆ ದನಕ್ಕೆ, ಬೂದಿ ತೆಂಗಿನ ಬುಡಕ್ಕೆ, ದರಕು ಕೊಟ್ಟಿಗೆಯ ಹಾಸಿಗೆ ಸಲ್ಲುತ್ತಿದ್ದವು. ಇಂದು ನಮ್ಮ ಪೇಟೆಗಳ ಕಸವೂ ಘಾಟಿಯ ತಿರುವುಗಳಲ್ಲಿ, ಹಳ್ಳದ ದಂಡೆಗಳಲ್ಲಿ ಬೀಳುತ್ತಿದೆ. ಆದ್ದರಿಂದ ಬೆಂಗಳೂರು ಕಲಿತ ಪಾಠ ನಮಗೂ ಬೇಕಾಗಿದೆ.

ಇಲ್ಲಿಂದ ಪೂರ್ವಕ್ಕೆ ಕೃಷ್ಣರಾಜಪುರವನ್ನು ದಾಟಿ ಹೋದರೆ ಮಂಡೂರು ಸಿಗುತ್ತದೆ. ನಗರದ ಮಿಶ್ರ ಕಸ ವರ್ಷಗಳ ಕಾಲ ಆ ಊರಿನ ಅಂಚಿಗೆ ಬಂದು ಬಿದ್ದಿತು. 2012ರಲ್ಲಿ ಮಾವಳ್ಳಿಪುರದಲ್ಲಿ ಸುರಿಯುವುದು ನಿಂತ ಮೇಲೆ ಅದರ ಹೊರೆ ಮತ್ತೂ ಹೆಚ್ಚಿತು. ಊರವರು ಹೋರಾಡಿದರು, 2014ರ ಡಿಸೆಂಬರ್ 1ರಿಂದ ಅಲ್ಲಿಗೆ ಕಸ ಸಾಗಿಸುವುದು ನಿಂತಿತು. ನಾವು ಬೇರ್ಪಡಿಸದೆ ಉಳಿಸಿಕೊಂಡ ಶ್ರಮದ ಬೆಲೆಯನ್ನು ಮತ್ತೊಂದು ಊರು ತನ್ನ ಗಾಳಿ, ನೀರುಗಳಿಂದ ತೆತ್ತಿತು ಎಂಬುದೇ ಇದರ ಅರ್ಥ.

ಹಾಗಾದರೆ ಆ ಶ್ರಮವನ್ನೇ ಒಂದು ಉದ್ಯೋಗವನ್ನಾಗಿ ಮಾಡಲಾಗದೇ? ಇದೇ ಬೆಂಗಳೂರಿನಲ್ಲಿ ಪೂನಂ ಬೀರ್ ಕಸ್ತೂರಿ ಎಂಬ ವಿನ್ಯಾಸಕಿ 2006ರಲ್ಲಿ ‘ಡೈಲಿ ಡಂಪ್’ ಎಂಬ ಉದ್ಯಮ ಆರಂಭಿಸಿದರು. ಒಂದರ ಮೇಲೊಂದು ಇಟ್ಟ ಸುಟ್ಟ ಮಣ್ಣಿನ ಮಡಕೆಗಳು, ಹೆಸರು ‘ಕಂಬ’. ಅಡುಗೆಮನೆಯ ಹಸಿ ಕಸ ಅದರಲ್ಲೇ ಗೊಬ್ಬರವಾಗುತ್ತದೆ. ಕುಂಬಾರರಿಗೆ ಕೆಲಸ ದೊರೆಯಿತು. ವಿನ್ಯಾಸವನ್ನು ಬಚ್ಚಿಡದೆ, ಬೇರೆ ಊರಿನವರೂ ಮಾಡಿಕೊಳ್ಳಲೆಂದು ತೆರೆದಿಟ್ಟರು. ಅವರು ಮಾರಿದ್ದು ಕೇವಲ ಮಡಕೆಯನ್ನಲ್ಲ. ಬಳಸುವ ತಿಳಿವಳಿಕೆಯನ್ನು ಮತ್ತು ನಿರ್ವಹಣೆಯ ಸೇವೆಯನ್ನು.

ಆ ಸೇವೆ ಏಕೆ ಬೇಕೆಂಬುದು ನನಗೆ ತಿಳಿದದ್ದು ಈ ಬಡಾವಣೆಯಲ್ಲಿರುವ ನನ್ನ ತಂಗಿಯ ಮನೆಯಲ್ಲಿ. ಮಡಕೆ ತಂದ ಹೊಸತರಲ್ಲಿ ನನ್ನ ಮಾತು ಕೇಳಿ, ಒಣ ಎಲೆ ಬೆರೆಸದೆ, ಬರೀ ಅನ್ನ, ತರಕಾರಿಯ ಸಿಪ್ಪೆ ಸುರಿದಳು. ವಾರದೊಳಗೆ ಹುಳುವಾಗಿ ದುರ್ವಾಸನೆ ಹಬ್ಬಿತು. “ಅಣ್ಣಯ್ಯಾ, ನೀನು ಡಾಕ್ಟರೇಟ್ ಮಾಡಿದ್ದು ಮಣ್ಣಿನ ಮೇಲೇ ತಾನೇ?” ಎಂದು ಕೇಳಿದಳು. ಕೊಳೆಯುವ ರಾಶಿಯಲ್ಲಿ ಸಾರಜನಕದ ಸುಮಾರು 25ರಿಂದ 30 ಪಟ್ಟು ಇಂಗಾಲವಿರಬೇಕು, ತೇವ ಹಿಂಡಿದ ಬಟ್ಟೆಯಷ್ಟಿರಬೇಕು, ಗಾಳಿಯಾಡಬೇಕು. ನಮ್ಮ ಅಜ್ಜಿ ಸಗಣಿಯ ಮೇಲೆ ದರಕು ಹರಡುತ್ತಿದ್ದುದು ಇದಕ್ಕಾಗಿಯೇ. ಓದಿದ ನಾನು ಅದನ್ನು ಮರೆತಿದ್ದೆ.

ಯುವಮಿತ್ರರು ಇಲ್ಲಿ ಒಂದು ಲೆಕ್ಕವನ್ನು ಗಮನಿಸಬೇಕು. ಕಸ ಗೊಬ್ಬರವಾಗುವಾಗ ನೀರು ಆರಿ, ಇಂಗಾಲ ಗಾಳಿಗೆ ಸೇರಿ, ತೂಕದ ಬಹುಪಾಲು ಇಳಿದುಹೋಗುತ್ತದೆ. ಗೊಬ್ಬರದ ಮಾರಾಟವೊಂದನ್ನೇ ನಂಬಿದವರು ನಷ್ಟಕ್ಕೆ ಸಿಲುಕುತ್ತಾರೆ. ಬೇರ್ಪಡಿಸಿ ಸಂಗ್ರಹಿಸುವ ಸೇವೆಗೆ ಹೋಟೆಲು, ಕಲ್ಯಾಣ ಮಂಟಪ, ವಿದ್ಯಾರ್ಥಿನಿಲಯಗಳು ತಿಂಗಳ ಶುಲ್ಕ ಕೊಡಬೇಕು. ಗೊಬ್ಬರದ ಆದಾಯ ಅದರ ಮೇಲಿನ ಲಾಭ. ನಮ್ಮ ಪ್ರತಿಯೊಂದು ತಾಲೂಕು ಪೇಟೆಯಲ್ಲೂ ಒಂದು ಸ್ವಸಹಾಯ ಸಂಘ ಇದನ್ನು ನಡೆಸಬಹುದು. ಗೊಬ್ಬರ ಕೊಳ್ಳುವ ತೋಟಗಳು ಸುತ್ತಲೂ ಇವೆ.

ಅಡಿಕೆ ಹಾಳೆಯ ತಟ್ಟೆಯ ಅನುಭವವನ್ನೂ ನೆನೆಯೋಣ. ಅಂಟು, ರಾಸಾಯನಿಕಗಳಿಲ್ಲದೆ, ನೆನೆಸಿದ ಹಾಳೆಯನ್ನು ಬಿಸಿ ಅಚ್ಚಿನಲ್ಲಿ ಒತ್ತಿದರಾಯಿತು. ಈ ಕಸುಬು ಅನೇಕ ಮನೆಗಳಿಗೆ ಅನ್ನ ಕೊಟ್ಟಿದೆ. ಆದರೆ 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ ಸುರಕ್ಷತೆಯ ಪ್ರಶ್ನೆ ಎತ್ತಿ ಇದರ ಆಮದನ್ನು ತಡೆದಾಗ, ರಫ್ತನ್ನೇ ನೆಚ್ಚಿದ ಘಟಕಗಳು ಕಂಗೆಟ್ಟವು. ಆ ಪ್ರಶ್ನೆಗೆ ಪರೀಕ್ಷೆಯ ಮೂಲಕವೇ ಉತ್ತರಿಸಬೇಕು. ಮಾರುಕಟ್ಟೆಯನ್ನೂ ಹತ್ತಿರದಲ್ಲಿ ಹುಡುಕಬೇಕು. ಮತ್ತೊಂದು ಮಾತು: ಹಾಳೆ ದನದ ಮೇವೂ ಹೌದು, ತೋಟದ ಹೊದಿಕೆಯೂ ಹೌದು. ಒಯ್ದಷ್ಟು ಸಾರವನ್ನು ಗೊಬ್ಬರವಾಗಿ ತೋಟಕ್ಕೆ ಹಿಂದಿರುಗಿಸದ ಉದ್ಯಮ ಪರಿಸರಸ್ನೇಹಿಯಲ್ಲ.

ಆದ್ದರಿಂದ ಯಾವುದೇ ಉದ್ಯಮಕ್ಕೆ ಕೈಹಾಕುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಈ ವಸ್ತು ವರ್ಷದ ಯಾವ ತಿಂಗಳಲ್ಲಿ, ಎಷ್ಟು ಸಿಗುತ್ತದೆ? ಒಂದು ದಿನದ ದಾರಿಯೊಳಗೆ ಕೊಳ್ಳುವವರು ಯಾರು? ಕೊನೆಗೆ ಉಳಿಯುವ ಕಸ ಯಾರ ಊರಿಗೆ ಹೋಗುತ್ತದೆ?

ಊರಿಗೆ ಮರಳಿದ ಮೇಲೆ ಒಂದು ವಾರ ನಿಮ್ಮ ಮನೆಯ ಅಥವಾ ವಿದ್ಯಾರ್ಥಿನಿಲಯದ ಹಸಿ ಕಸ, ಒಣ ಕಸಗಳನ್ನು ಬೇರೆಬೇರೆಯಾಗಿ ತೂಗಿ ಬರೆದಿಡಿ. ಮುಂದಿನ ಕೂಟಕ್ಕೆ ಆ ಲೆಕ್ಕದ ಹಾಳೆಯೊಡನೆ ಬನ್ನಿ. ಅಲ್ಲಿಂದ ಮಾತು ಮುಂದುವರಿಸೋಣ.